ಊಟದ ನಂತರದ ಗಿಟಾರ್

ನಮ್ಮ ಬೀದಿಯಲ್ಲಿ ನನಗೆ ತಿಳಿದಂತೆ ನಾಲ್ಕು ಮನೆಗಳಲ್ಲಿ ಗಿಟಾರ್ ಇದೆ. ಅವುಗಳಲ್ಲಿ ಮೂರು ಬೀರುವಿನ ಮೇಲೆ ಮಲಗಿವೆ. ಮಕ್ಕಳು ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಕೊಂಡವು, ಪಿಯುಸಿ ಶುರುವಾದೊಡನೆ ಮೇಲೇರಿದವು. ನಾಲ್ಕನೆಯದು ನನ್ನದು. ಬ್ಯಾಂಕಿನ ಕೆಲಸ, ಬಸ್ಸು, ತರಕಾರಿ, ಊಟ ಎಲ್ಲ ಮುಗಿದ ಮೇಲೆ ರಾತ್ರಿ ಒಂಬತ್ತೂವರೆಯಿಂದ ಹತ್ತರವರೆಗೆ ಅದು ನನ್ನ ತೊಡೆಯ ಮೇಲಿರುತ್ತದೆ. ಹತ್ತು ಗಂಟೆಗೆ ಕೆಳಮನೆಯ ಹಿರಿಯರು ಮಲಗುವ ಹೊತ್ತು. ಅಲ್ಲಿಗೆ ನನ್ನ ಸಂಗೀತವೂ ಮಲಗಬೇಕು. ಮೂವತ್ತು ವರ್ಷಕ್ಕೂ ಮೇಲಾಯಿತು, ಹೀಗೇ ನಡೆದಿದೆ.

ಇಷ್ಟು ವರ್ಷ ಬಾರಿಸಿಯೂ ಒಂದು ಕಚೇರಿ ಕೊಡಲಾರದವನು ಬಾರಿಸುವುದಾದರೂ ಏಕೆ ಎಂದು ಅನೇಕರು ಕೇಳಿದ್ದಾರೆ. ವೀಣೆಯನ್ನೋ ಪಿಟೀಲನ್ನೋ ಕಲಿತವರಿಗೆ ಈ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಅಲ್ಲಿ ಗುರು ಇದ್ದಾರೆ, ಪಾಠಕ್ರಮವಿದೆ, ಕೊನೆಗೊಂದು ವೇದಿಕೆಯಿದೆ. ಗಿಟಾರಿನ ಚರಿತ್ರೆ ಬೇರೆ. ಈ ವಾದ್ಯ ಬೆಳೆದದ್ದು ಬಹುಪಾಲು ಹವ್ಯಾಸಿಗಳ ಮನೆಗಳಲ್ಲಿ. ದೊಡ್ಡ ವೇದಿಕೆಗಳಲ್ಲಿ ಅದು ನೆಲೆಯೂರಿದ್ದು ತೀರ ಈಚೆಗೆ, ಸ್ಪೇನಿನ ಆಂಡ್ರೆಸ್ ಸೆಗೋವಿಯಾ (1893-1987) ಅವರ ಕಾಲದಲ್ಲಿ.

ಗಿಟಾರಿನ ಹತ್ತಿರದ ಬಂಧು ವಿಹುವೆಲಾ ಎಂಬ ಸ್ಪೇನಿನ ವಾದ್ಯ. ಅದಕ್ಕಾಗಿ ಅಚ್ಚಾದ ಮೊದಲ ಸಂಗೀತ ಪುಸ್ತಕ 1536ರಲ್ಲಿ ವೇಲೆನ್ಸಿಯಾ ನಗರದಲ್ಲಿ ಹೊರಬಂದಿತು. ಬರೆದವನು ಲೂಯಿಸ್ ಡಿ ಮಿಲಾನ್, ಪುಸ್ತಕದ ಹೆಸರು 'ಎಲ್ ಮಾಯೆಸ್ತ್ರೋ', ಎಂದರೆ ಮೇಷ್ಟರು. ಏನೂ ತಿಳಿಯದವನು ತಾನಾಗಿ ಕಲಿಯುವಂತೆ ಸುಲಭದಿಂದ ಕಠಿಣಕ್ಕೆ ಏರುವ ಪಾಠಗಳು ಅದರಲ್ಲಿವೆ. ತಂತಿಗೊಂದು ಗೆರೆ ಎಳೆದು, ಎಷ್ಟನೆಯ ಮೆಟ್ಟಿಲ ಮೇಲೆ ಬೆರಳಿಡಬೇಕೆಂಬುದನ್ನು ಅಂಕಿಯಲ್ಲಿ ಬರೆಯುವ ಪದ್ಧತಿ ಅಲ್ಲಿದೆ. ಇಂದು ಹುಡುಗರು ಫೋನಿನಲ್ಲಿ ನೋಡಿಕೊಂಡು ಬಾರಿಸುವ 'ಟ್ಯಾಬ್' ಇದೇ ಪದ್ಧತಿಯ ಮುಂದುವರಿಕೆ.

ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಆರು ತಂತಿಯ ಗಿಟಾರ್ ಯೂರೋಪಿನ ನಗರಗಳಲ್ಲಿ ಹುಚ್ಚಿನಂತೆ ಹಬ್ಬಿತು. ಪಿಯಾನೋ ಕೊಳ್ಳಲು ಹಣ ಬೇಕು, ಇಡಲು ಜಾಗ ಬೇಕು. ಗಿಟಾರಿಗೆ ಗೋಡೆಯ ಮೇಲೊಂದು ಮೊಳೆ ಸಾಕು. ವಿಯೆನ್ನಾದಲ್ಲಿ ಶೂಬರ್ಟನ ಹಾಡುಗಳು ಗಿಟಾರ್ ಪಕ್ಕವಾದ್ಯದೊಂದಿಗೂ ಅಚ್ಚಾಗಿ ಮಾರಾಟವಾದವು. ಫೆರ್ನಾಂಡೋ ಸೋರ್ (1778-1839) ಬರೆದ ಚಿಕ್ಕ ಚಿಕ್ಕ ಅಭ್ಯಾಸ ಕೃತಿಗಳನ್ನು ಇಂದಿಗೂ ಎಲ್ಲ ಕಡೆಯ ಕಲಿಕೆಯವರು ಬಾರಿಸುತ್ತಾರೆ. ನನಗೆ ಮಾತ್ರ ಹೆಚ್ಚು ಸಮಾಧಾನ ಕೊಟ್ಟವನು ಪಗನಿನಿ. ಪಿಟೀಲಿನಲ್ಲಿ ಯೂರೋಪನ್ನೇ ಬೆರಗುಗೊಳಿಸಿದ ಆತ ಗಿಟಾರಿಗಾಗಿ ನೂರಕ್ಕೂ ಹೆಚ್ಚು ರಚನೆಗಳನ್ನು ಮಾಡಿದ. ಬಾರಿಸಿದ್ದು ಮಾತ್ರ ಹೆಚ್ಚಾಗಿ ಮನೆಯಲ್ಲಿ, ಗೆಳೆಯರ ನಡುವೆ. ಗಿಟಾರಿನ ಮಟ್ಟಿಗೆ ಅವನೂ ನಮ್ಮ ಪಂಗಡದವನೇ.

ಹವ್ಯಾಸಿಗಳಿಗೆ ಈ ವಾದ್ಯ ಒಗ್ಗಿದ್ದೇಕೆ ಎಂದು ತಿಳಿಯಬೇಕಾದರೆ ಅದರ ಕುತ್ತಿಗೆಯನ್ನು ನೋಡಬೇಕು. ವೀಣೆಯಂತೆ ಇದಕ್ಕೂ ಮೆಟ್ಟಿಲುಗಳುಂಟು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ; ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರಲು ಅಲ್ಲಿ ಬೇಕಾದಷ್ಟು ಆಸ್ಪದವಿದೆ. ಗಿಟಾರಿನ ಮೆಟ್ಟಿಲುಗಳು ಮರದಲ್ಲಿ ಹೂತ ತೆಳುವಾದ ಲೋಹದ ಪಟ್ಟಿಗಳು. ಎಲ್ಲಿ ಒತ್ತಿದರೂ ಸ್ವರ ಸಿದ್ಧವಾಗಿ ಕಾದಿರುತ್ತದೆ. ಪಿಟೀಲು ಕಲಿಯುವವನು ಮೊದಲ ವರ್ಷವೆಲ್ಲ ಅಪಸ್ವರದೊಂದಿಗೆ ಗುದ್ದಾಡಿದರೆ, ಗಿಟಾರಿನವನು ಮೊದಲ ದಿನವೇ ಸುಮಾರಾಗಿ ಸರಿಯಾದ ಸ್ವರ ನುಡಿಸುತ್ತಾನೆ.

'ಸುಮಾರಾಗಿ' ಎಂದದ್ದಕ್ಕೆ ಕಾರಣವಿದೆ. ಈ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕೆಂಬುದು ಹಳೆಯ ಲೆಕ್ಕ. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೋ ಗೆಲಿಲಿ ಲ್ಯೂಟ್ ವಾದಕ. ಉಳಿದಿರುವ ತಂತಿಯ ಉದ್ದದ ಹದಿನೆಂಟನೆಯ ಒಂದು ಪಾಲಿಗೆ ಒಂದೊಂದು ಮೆಟ್ಟಿಲಿಡಬೇಕೆಂಬ ಸೂತ್ರವನ್ನು ಆತ 1581ರ ತನ್ನ ಗ್ರಂಥದಲ್ಲಿ ಸೂಚಿಸಿದ. ಇಂದಿನ ಗಿಟಾರಿನ ತಂತಿ ಸಾಮಾನ್ಯವಾಗಿ 65 ಸೆಂಟಿಮೀಟರ್. ಹನ್ನೆರಡು ಸಲ ಈ ಸೂತ್ರ ಹಾಕಿದರೆ ತಂತಿಯ ನಟ್ಟನಡುವೆ ಮೇಲಿನ ಷಡ್ಜ ಬರಬೇಕು. ವ್ಯತ್ಯಾಸ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಗಣಿತ ಸುಧಾರಿಸಿ ಆ ವ್ಯತ್ಯಾಸವೂ ಈಗ ಉಳಿದಿಲ್ಲ. ಆದರೆ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದರ ಸುಂಕವನ್ನು ಕಿವಿ ತೆರಲೇಬೇಕು. ತಂಬೂರಿಯಲ್ಲಿ ಗಾಂಧಾರಕ್ಕೆಂದು ತಂತಿಯಿಲ್ಲ. ಆದರೂ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಗಿಟಾರಿನ ಗಾಂಧಾರ ಅದಕ್ಕಿಂತ ಒಂದು ಮೆಟ್ಟಿಲಿನ ನೂರರಲ್ಲಿ ಹದಿನಾಲ್ಕು ಪಾಲಿನಷ್ಟು ಮೇಲೆ ನಿಂತಿರುತ್ತದೆ. ಹಾಗಾಗಿ ಒಂದು ಕಾರ್ಡ್ ಇಂಪಾಗಲೆಂದು ಬಿರಡೆ ತಿರುಗಿಸಿದರೆ ಮುಂದಿನ ಕಾರ್ಡ್ ಕೆಡುತ್ತದೆ. ನನ್ನ ಅರ್ಧ ಗಂಟೆಯಲ್ಲಿ ಮೊದಲ ಐದು ನಿಮಿಷ ಈ ಸಂಧಾನಕ್ಕೇ ಮೀಸಲು.

ಕಾರ್ಡ್ ಎಂದರೇನು? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸುವುದು. ಅಂತರ ಗಾಂಧಾರ ಹಿಡಿದರೆ ಅದು 'ಮೇಜರ್', ಸಾಧಾರಣ ಗಾಂಧಾರ ಹಿಡಿದರೆ 'ಮೈನರ್'. ನಮ್ಮ ಸಂಗೀತದಲ್ಲಿ ಷಡ್ಜ ನೆಲದಂತೆ ಕದಲದೆ ನಿಂತಿರುತ್ತದೆ, ರಾಗ ಅದರ ಮೇಲೆ ಓಡಾಡುತ್ತದೆ. ಪಾಶ್ಚಾತ್ಯ ಹಾಡಿನಲ್ಲಿ ಹಾಡಿನ ಅಡಿಯ ನೆಲವೇ ಆಗಾಗ ಜಾಗ ಬದಲಿಸುತ್ತದೆ. ಷಡ್ಜದ ಮೇಲೆ ಸ-ಗ-ಪ, ಮಧ್ಯಮದ ಮೇಲೆ ಮ-ದ-ಸ, ಪಂಚಮದ ಮೇಲೆ ಪ-ನಿ-ರಿ. ಈ ಮೂರು ಕಾರ್ಡ್‌ಗಳನ್ನು ಕೂಡಿಸಿ ನೋಡಿ: ಶಂಕರಾಭರಣದ ಏಳೂ ಸ್ವರಗಳು ಬಂದುಬಿಟ್ಟವು. ಮೂರೇ ಕಾರ್ಡ್ ಕಲಿತವನು ಸಾವಿರಾರು ಹಾಡುಗಳಿಗೆ ಪಕ್ಕವಾದ್ಯ ಬಾರಿಸಬಲ್ಲ ಎಂಬ ಮಾತಿನ ಗುಟ್ಟು ಇದು. 1956ರಲ್ಲಿ ಇಂಗ್ಲೆಂಡಿನಲ್ಲಿ ಲಾನಿ ಡಾನೆಗನ್ ಅವರ ಹಾಡು ಕೇಳಿ ಸಾವಿರಾರು ಹುಡುಗರು ಗಿಟಾರ್ ಕೊಂಡರು. ಮರುವರ್ಷ ಬರ್ಟ್ ವೀಡನ್ 'ಒಂದೇ ದಿನದಲ್ಲಿ ಬಾರಿಸಿ' ಎಂಬ ಅರ್ಥದ ಹೆಸರಿಟ್ಟು ಪುಸ್ತಕ ಬರೆದರು. ಆ ಹುಡುಗರ ಪೈಕಿ ಲಿವರ್‌ಪೂಲಿನ ಕೆಲವರು ಮುಂದೆ ಬೀಟಲ್ಸ್ ಆದರು. ಉಳಿದವರು ನಮ್ಮ ಹಾಗೆ ಗುಮಾಸ್ತರಾಗಿರಬೇಕು.

ಒಂದೇ ದಿನ ಎಂಬುದು ಶುದ್ಧ ಸುಳ್ಳು ಎನ್ನಲಾರೆ. ಎರಡನೆಯ ದಿನದ ವಿಷಯವನ್ನು ಆ ಹೆಸರು ಹೇಳುವುದಿಲ್ಲ ಎಂಬುದಷ್ಟೇ ನನ್ನ ದೂರು. ಉಕ್ಕಿನ ತಂತಿ ಎಡಗೈಯ ನಾಲ್ಕು ಬೆರಳ ತುದಿಗಳನ್ನೂ ಸೀಳುವಂತೆ ಕೊರೆಯುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಜಡ್ಡುಗಟ್ಟಿದರೆ ಉಳಿದಿರಿ. ಬೀರುವಿನ ಮೇಲೇರುವ ಗಿಟಾರುಗಳೆಲ್ಲ ಈ ಜಡ್ಡು ಕಟ್ಟುವುದಕ್ಕೆ ಮುಂಚೆ ಏರಿದವು. ಅದನ್ನು ದಾಟಿದವನಿಗೆ 'ಎಫ್' ಕಾರ್ಡ್ ಕಾದಿರುತ್ತದೆ. 'ಸಿ'ಯನ್ನು ಷಡ್ಜವೆಂದುಕೊಂಡರೆ ಮೇಲೆ ಹೇಳಿದ ಮ-ದ-ಸ ಇದೇ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು. ಒಂದು ತಂತಿ ನುಡಿದರೆ ಇನ್ನೊಂದು ಮೂಗನಾಗುತ್ತದೆ. ನನ್ನ ಮೊದಲ ಗಿಟಾರಿನಲ್ಲಿ ತಂತಿಗಳು ಮೆಟ್ಟಿಲಿನಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ನಡುವೆ ಪೆನ್ಸಿಲು ತೂರಿಸಬಹುದಿತ್ತು. ಅದರ ಮೇಲೆ 'ಎಫ್' ಹಿಡಿಯಲು ನನಗೆ ಎಂಟು ತಿಂಗಳು ಬೇಕಾಯಿತು.

ಆ ಗಿಟಾರನ್ನು ಕೊಂಡದ್ದು ಮೊದಲ ಸಂಬಳದಲ್ಲಿ. ಅಪ್ಪ ಎರಡು ದಿನ ಮಾತಾಡಲಿಲ್ಲ. ಅವರ ಲೆಕ್ಕದಲ್ಲಿ ಅದು ದಂಡಿನ ಕಡೆಯ ವಾದ್ಯ, ಹೋಟೆಲುಗಳಲ್ಲಿ ಕುಣಿಸುವವರ ವಾದ್ಯ, ಸಿನಿಮಾದಲ್ಲಿ ಉದ್ದ ಕೂದಲಿನವರು ಹಿಡಿಯುವ ವಾದ್ಯ. ಅವರನ್ನು ಪೂರ್ತಿ ತಪ್ಪೆನ್ನುವಂತಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ, ಗೋವೆಯ ಮತ್ತು ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಅದು ಮೊದಲಿನಿಂದ ಇತ್ತು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಪರಿಷತ್ತಿನ ನಂತರ ಚರ್ಚಿನ ಗಾಯನವೃಂದಗಳಿಗೂ ಬಂತು. ನಮ್ಮಂಥ ಬಸವನಗುಡಿಯ ಹುಡುಗರಿಗೆ ಅದನ್ನು ತಲುಪಿಸಿದ್ದು ಹಿಂದಿ ಸಿನಿಮಾ. 1973ರ 'ಯಾದೋಂ ಕಿ ಬಾರಾತ್' ಚಿತ್ರದಲ್ಲಿ ಜೀನತ್ ಅಮಾನ್ ಗಿಟಾರ್ ಹಿಡಿದು ನಿಂತದ್ದನ್ನು ನಾವು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. 1980ರ 'ಕರ್ಜ್' ಚಿತ್ರಕ್ಕಾಗಿ ಗೋರಖ್ ಶರ್ಮಾ ಗಿಟಾರಿನಲ್ಲಿ ಬಾರಿಸಿದ ಧಾಟಿ ಅಂದಿನ ಪ್ರತಿಯೊಬ್ಬ ಹವ್ಯಾಸಿಯ ಮೊದಲ ಪಾಠವಾಗಿತ್ತು. ಗಿಟಾರ್ ಕೈಯಲ್ಲಿದೆಯೆಂದು ತಿಳಿದ ಕೂಡಲೇ ಜನ ಕೇಳುತ್ತಿದ್ದುದೂ ಅದನ್ನೇ.

ನಮ್ಮ ಸಂಗೀತಗಾರರು ಈ ವಾದ್ಯವನ್ನು ಬೇರೊಂದು ದಾರಿಯಿಂದ ಒಳಗೆ ಕರೆದುಕೊಂಡರು. ಹವಾಯಿ ದ್ವೀಪದವರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಇಟ್ಟು ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುವ ಕ್ರಮವನ್ನು ಕಂಡುಕೊಂಡಿದ್ದರು. ಜಾರಿಸಿದರೆ ಮೆಟ್ಟಿಲುಗಳ ಹಂಗಿಲ್ಲ, ಗಮಕ ಸಾಧ್ಯ. ಬ್ರಿಜ್‌ಭೂಷಣ್ ಕಾಬ್ರಾ ಈ ಕ್ರಮದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಂದಿಗೆ ಅವರು ತಂದ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆ ಮನೆಮಾತಾಯಿತು. ವಿಶ್ವಮೋಹನ ಭಟ್ಟರು ಇನ್ನಷ್ಟು ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಅದೆಲ್ಲ ಸಾಧಕರ ದಾರಿ. ನಿಮಿರಿಸಿ ಹಿಡಿದ ಮಾಮೂಲಿ ಗಿಟಾರಿನ ಹವ್ಯಾಸಿ ತನ್ನ ಮೆಟ್ಟಿಲುಗಳೊಂದಿಗೇ ಬಾಳಬೇಕು.

ಹಾಗೆ ಬಾಳುವವರೆಲ್ಲರಿಗೂ ಗೊತ್ತಿರುವ ಒಂದು ಕೃತಿಯಿದೆ. ಹೆಸರು 'ರೊಮಾನ್ಸ್', ರಚಿಸಿದವರು ಯಾರೆಂಬುದು ಖಚಿತವಿಲ್ಲ. 1952ರ ಫ್ರೆಂಚ್ ಚಿತ್ರವೊಂದರಲ್ಲಿ ನಾರ್ಸಿಸೋ ಯೆಪೆಸ್ ಬಾರಿಸಿದ ಮೇಲೆ ಲೋಕಕ್ಕೆಲ್ಲ ಹರಡಿತು. ಅದರ ಮೊದಲರ್ಧ ಸಾಧಾರಣ ಗಾಂಧಾರದ ಮೈನರ್, ಎರಡನೆಯರ್ಧ ಅಂತರ ಗಾಂಧಾರದ ಮೇಜರ್. ಮೋಡ ಸರಿದು ಬಿಸಿಲು ಬಂದಂತಾಗುತ್ತದೆ. ಆದರೆ ಆ ಬಿಸಿಲಿಗೆ ಬರಬೇಕಾದರೆ ತೋರುಬೆರಳನ್ನು ಅಡ್ಡ ಹಾಕಿ ಕಿರುಬೆರಳನ್ನು ಬಹುದೂರ ಚಾಚಬೇಕು. ಮೊದಲರ್ಧವನ್ನಷ್ಟೇ ಬಲ್ಲ ಹವ್ಯಾಸಿಗಳನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ. ನಾನೂ ಅವರಲ್ಲೊಬ್ಬ. ಮೂವತ್ತು ವರ್ಷದಲ್ಲಿ ಎರಡನೆಯರ್ಧವನ್ನು ತಪ್ಪಿಲ್ಲದೆ ಬಾರಿಸಿದ್ದು ಬಹುಶಃ ನಾಲ್ಕು ಸಲ. ನಾಲ್ಕು ಸಲವೂ ಮನೆಯಲ್ಲಿ ಯಾರೂ ಇರಲಿಲ್ಲ.

ಇನ್ನು ನನ್ನ ಅಕ್ಕನ ವಿಷಯ. ಅವಳು ಮದುವೆಗೆ ಮುಂಚೆ ಒಂಬತ್ತು ವರ್ಷ ಹಾಡುಗಾರಿಕೆ ಕಲಿತಳು. ಆಮೇಲೆ ಅತ್ತೆಮನೆ, ಮಕ್ಕಳು, ವರ್ಗಾವಣೆಗಳು; ಹಾಡು ನಿಂತೇಹೋಯಿತು. ಭಾವ ತೀರಿಕೊಂಡ ಮೇಲೆ ಕಳೆದ ವರ್ಷ ನಮ್ಮಲ್ಲಿ ಬಂದು ಒಂದು ತಿಂಗಳಿದ್ದಳು. ಒಂದು ರಾತ್ರಿ ನಾನು ಬಾರಿಸುತ್ತಿದ್ದಾಗ, ಎಂದೋ ಹಿಂದೋಳದಲ್ಲಿ ಕಲಿತಿದ್ದ ದೇವರನಾಮವೊಂದನ್ನು ತಾನಾಗಿ ಗುನುಗತೊಡಗಿದಳು. ನಾನು ಗಡಿಬಿಡಿಯಲ್ಲಿ ಷಡ್ಜದ ಕಾರ್ಡ್ ಹಿಡಿದೆ. ಅವಳು ಥಟ್ಟನೆ ನಿಲ್ಲಿಸಿದಳು.

"ಏನೋ ಇದು, ಹಿಂದೋಳಕ್ಕೆ ಪಂಚಮ ಹಾಕ್ತೀಯಲ್ಲೋ!"

ಮಾತು ನಿಜ. ಹಿಂದೋಳಕ್ಕೆ ಸ ಗ ಮ ದ ನಿ ಐದೇ ಸ್ವರ; ಪಂಚಮವೂ ರಿಷಭವೂ ವರ್ಜ್ಯ. ಷಡ್ಜದ ಕಾರ್ಡಿನಲ್ಲಿ ಪಂಚಮ ತಪ್ಪದೆ ಇರುತ್ತದೆ. ಮೂರು ಕಾರ್ಡಿನ ವಿದ್ಯೆ ಇಲ್ಲಿ ಬಾಗಿಲಲ್ಲೇ ಎಡವುತ್ತದೆ. ಮರುದಿನ ಬಸ್ಸಿನಲ್ಲಿ ಹೋಗುವಾಗ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. ಗಿಟಾರಿನ ತಂತಿಗಳನ್ನು ಒಂದರಿಂದ ಇನ್ನೊಂದಕ್ಕೆ ಸ-ಮದ ಅಂತರದಲ್ಲಿ ಶ್ರುತಿ ಮಾಡುತ್ತಾರೆ. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ಸ-ಗದ ಅಂತರ. ದಪ್ಪ ತಂತಿಯನ್ನು ಷಡ್ಜವೆಂದು ಹಿಡಿದರೆ ಖಾಲಿ ತಂತಿಗಳು ಸ, ಮ, ನಿ, ಗ, ಪ, ಸ ಎಂದು ನುಡಿಯುತ್ತವೆ. ತಕರಾರಿರುವುದು ಆ ಒಂದು ಎರಡನೆಯ ತಂತಿಯದು. ಅದನ್ನು ಮೊದಲ ಮೆಟ್ಟಿಲಲ್ಲಿ ಒಂದೇ ಬೆರಳಿನಿಂದ ಒತ್ತಿದರೆ ಪಂಚಮ ಹೋಗಿ ದೈವತ ಬರುತ್ತದೆ; ಆರು ತಂತಿಯಲ್ಲೂ ಹಿಂದೋಳದ ಐದು ಸ್ವರಗಳನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಅಕ್ಕನ ಶ್ರುತಿ ಐದೂವರೆ. ನಾಲ್ಕನೆಯ ಮೆಟ್ಟಿಲಿಗೆ ಕೇಪೋ ಎಂಬ ಹಿಡಿಕೆ ಬಿಗಿದು ವಾದ್ಯವನ್ನು ಅಲ್ಲಿಗೆ ಏರಿಸಿಕೊಂಡೆ. ಊಟವಾದ ಮೇಲೆ ಒಂದು ಬೆರಳಿಟ್ಟು ಆರೂ ತಂತಿಗಳನ್ನು ಮೆಲ್ಲಗೆ ಮೀಟಿದೆ. ಅವಳು ತಲೆ ಓರೆ ಮಾಡಿ ಕೇಳಿದಳು, ಇನ್ನೊಮ್ಮೆ ಮೀಟು ಎಂದಳು, ಪಲ್ಲವಿ ತೆಗೆದಳು. ಗಂಟಲು ಹಿಂದಿನಂತಿಲ್ಲ, ಮೇಲಿನ ಷಡ್ಜದಲ್ಲಿ ಒಡೆಯಿತು. ಚರಣದಲ್ಲಿ ಮ-ದ-ಸ ಕಾರ್ಡನ್ನೂ ದ-ಸ-ಗ ಕಾರ್ಡನ್ನೂ ಅಲ್ಲಲ್ಲಿ ಸೇರಿಸಿದೆ. ಎರಡಕ್ಕೂ ಅವಳ ತಕರಾರು ಬರಲಿಲ್ಲ. ಹತ್ತು ಗಂಟೆ ಮೀರಿದ್ದು ನಮಗೆ ತಿಳಿಯಲಿಲ್ಲ. ಕೆಳಮನೆಯವರೂ ಏನೂ ಹೇಳಲಿಲ್ಲ.

ಈಗ ಅವಳು ಮಗಳ ಮನೆಯಲ್ಲಿದ್ದಾಳೆ, ದಸರೆಗೆ ಬರುತ್ತಾಳೆ. ಬರುವಾಗ ಕಲ್ಯಾಣಿಯಲ್ಲಿ ಒಂದು ಹಾಡನ್ನು ಸಿದ್ಧ ಮಾಡಿಕೊಂಡು ಬರುತ್ತೇನೆಂದು ಫೋನಿನಲ್ಲಿ ತಿಳಿಸಿದ್ದಾಳೆ. ಕಲ್ಯಾಣಿಗೆ ಪಂಚಮವಿದೆ, ಆ ಚಿಂತೆಯಿಲ್ಲ. ಆದರೆ ಪ್ರತಿಮಧ್ಯಮದ ಮೇಲೆ ಕಾರ್ಡ್ ಕಟ್ಟಿದರೆ ಅದು ಯಾವ ಕಡೆಗೂ ಒರಗದೆ ನಡುಗುತ್ತ ನಿಲ್ಲುತ್ತದೆ. ಒಂದು ವಾರದಿಂದ ರಾತ್ರಿ ಒಂಬತ್ತೂವರೆಗೆ ಅದನ್ನೇ ತಡಕಾಡುತ್ತಿದ್ದೇನೆ.