ಬೈಲಹೊಂಗಲದ ನಾಲ್ಕು ರೂಪಗಳು, ಬಿಡುಗಡೆಗೆ ಮುಂಚಿನ ಐದೂವರೆ ತಿಂಗಳು

ದತ್ತಸಂಚಯ, ಅಂದರೆ ಆಡುಮಾತಿನ ಡೇಟಾಬೇಸ್, ಮೂಲತಃ ಒಂದು ದೊಡ್ಡ ದಫ್ತರವೇ ಆಗಿದ್ದು, ಅದರಲ್ಲಿ ಬರೆದಿಟ್ಟದ್ದು ಅಳಿಯದಂತೆ, ಬೆರೆತುಹೋಗದಂತೆ, ಕೇಳಿದ ಕ್ಷಣದಲ್ಲಿ ಸಿಗುವಂತೆ ನೋಡಿಕೊಳ್ಳುವ ಕೆಲಸವನ್ನು ಗುಮಾಸ್ತರ ಬದಲು ಒಂದು ತಂತ್ರಾಂಶವು ಮಾಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ರೈತರು ಉತಾರ ಎಂದೂ ಸರ್ಕಾರವು ಪಹಣಿ ಎಂದೂ ಕರೆಯುವ ಜಮೀನಿನ ದಾಖಲೆ ಇಂಥ ದತ್ತಸಂಚಯವನ್ನು ಸೇರಿ ಎರಡು ದಶಕಗಳೇ ಕಳೆದಿವೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು; ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಜಾರಿಗೆ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಹಳೆಯ ರಿಜಿಸ್ಟರಿನಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುವ ದಾರಿಯಿತ್ತು. ಆದರೆ ರಿಜಿಸ್ಟರನ್ನು ಕಾಯುವ ತಂತ್ರಾಂಶವೇ ತಪ್ಪಿದರೆ ಅದು ಒಂದು ಪುಟದ ತಪ್ಪಾಗಿ ಉಳಿಯದೆ ಇಡೀ ಕಪಾಟಿನ ತಪ್ಪಾಗುತ್ತದೆ. ಆದ್ದರಿಂದ ದತ್ತಸಂಚಯದ ಹೊಸ ಆವೃತ್ತಿಯೊಂದು ಬಳಕೆಗೆ ಬರುವ ಮುನ್ನ ಅದರ ದೋಷಗಳನ್ನು ಯಾರು, ಹೇಗೆ, ಎಷ್ಟು ಕಾಲ ಕೂತು ಹೆಕ್ಕುತ್ತಾರೆ ಎಂಬ ಪ್ರಶ್ನೆ ತಂತ್ರಜ್ಞರಿಗಷ್ಟೇ ಸೇರಿದ್ದಲ್ಲ.

ಈ ಹೆಕ್ಕುವಿಕೆಯನ್ನು ಹೊರಗಿನವರೂ ನೋಡಬಹುದಾದದ್ದು ಮುಕ್ತ ತಂತ್ರಾಂಶದಲ್ಲಿ ಮಾತ್ರ. ಮೂಲ ಸಂಕೇತವನ್ನು, ಅಂದರೆ ಯಂತ್ರಕ್ಕೆ ನಿರ್ದೇಶನ ಕೊಡುವ ಬರಹವನ್ನು, ಯಾರು ಬೇಕಾದರೂ ಓದಿ ತಿದ್ದಿ ಹಂಚುವಂತೆ ತೆರೆದಿಟ್ಟ ತಂತ್ರಾಂಶಕ್ಕೆ ಈ ಹೆಸರಿದ್ದು, ದತ್ತಸಂಚಯಗಳ ಪೈಕಿ ಪೋಸ್ಟ್‌ಗ್ರೆಸ್ ಎಂಬುದು ಇದಕ್ಕೆ ಪ್ರಮುಖ ನಿದರ್ಶನ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಸಂಶೋಧನೆಯಿಂದ ಹುಟ್ಟಿದ ಇದು 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇಂದಿನ ಪೂರ್ಣ ಹೆಸರನ್ನು ಪಡೆಯಿತು. ಯಾವುದೇ ಒಂದು ಕಂಪನಿಯ ಸ್ವತ್ತಾಗದೆ, ಹಲವು ದೇಶಗಳಲ್ಲಿ ಹರಡಿರುವ ಒಂದು ಬಳಗದ ಕೈಯಲ್ಲಿ ಅದು ಬೆಳೆಯುತ್ತಿದೆ. ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶಗಳಿಗೆ ಆದ್ಯತೆ ಕೊಡುವ ನೀತಿಯನ್ನು 2015ರಲ್ಲಿ ಪ್ರಕಟಿಸಿದ್ದು, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಗ್ರಂಥಾಲಯಗಳಿಗಾಗಿ ರೂಪಿಸಿದ ಇ-ಗ್ರಂಥಾಲಯದ ನಾಲ್ಕನೆಯ ಆವೃತ್ತಿಯು ಪೋಸ್ಟ್‌ಗ್ರೆಸ್ಸನ್ನೇ ಆಧರಿಸಿದೆ.

ಪೋಸ್ಟ್‌ಗ್ರೆಸ್ಸಿನ ವರ್ಷಕ್ಕೆ ರೈತನ ವರ್ಷದಂತೆಯೇ ಒಂದು ಗತಿಯಿದೆ. ಜುಲೈ ತಿಂಗಳಿಂದ ಮುಂದಿನ ಮಾರ್ಚಿನವರೆಗೆ ಹೊಸ ಸೌಲಭ್ಯಗಳ ಬಿತ್ತನೆ ನಡೆದು, ಏಪ್ರಿಲ್ ಮೊದಲ ಭಾಗದಲ್ಲಿ ಬಾಗಿಲು ಮುಚ್ಚುತ್ತದೆ. ಆ ದಿನದ ನಂತರ ಎಷ್ಟೇ ಒಳ್ಳೆಯ ಹೊಸ ಸೌಲಭ್ಯ ಬಂದರೂ ಅದು ಮುಂದಿನ ವರ್ಷಕ್ಕೆ ಹೋಗಬೇಕು. 17ನೆಯ ಆವೃತ್ತಿಗೆ ಈ ಬಾಗಿಲು 2024ರ ಏಪ್ರಿಲ್ 8ರಂದು ಮುಚ್ಚಿತು, ಮೊದಲ ಬೀಟಾ, ಅಂದರೆ ಪರೀಕ್ಷೆಗೆಂದೇ ಹೊರಬಿಡುವ ಕರಡು ಆವೃತ್ತಿ, ಮೇ 23ರಂದು ಬಂತು, ಜೂನ್ ಮತ್ತು ಆಗಸ್ಟಿನಲ್ಲಿ ಮತ್ತೆರಡು ಬೀಟಾಗಳು ಬಂದವು, ಸೆಪ್ಟೆಂಬರ್ 5ರಂದು ಇನ್ನೇನು ಇದೇ ಅಂತಿಮ ಎನ್ನಬಹುದಾದ ರೂಪ ಸಿದ್ಧವಾಯಿತು, ಸೆಪ್ಟೆಂಬರ್ 26ರಂದು ಬಿಡುಗಡೆಯಾಯಿತು. ಹೀಗೆ ಒಂದು ವರ್ಷದ ಕೆಲಸದಲ್ಲಿ ಐದೂವರೆ ತಿಂಗಳು ಹೊಸದೇನನ್ನೂ ಸೇರಿಸದೆ, ಇದ್ದುದನ್ನು ತಿದ್ದುವುದಕ್ಕೇ ಸಲ್ಲುತ್ತದೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಒಕ್ಕಲು ಮನೆಗಳಲ್ಲಿ ಗಾಲಿ, ಅಚ್ಚು, ಕೀಲುಗಳನ್ನು ನೋಡಿ ಎಣ್ಣೆ ಹಾಕದೆ ಬಂಡಿ ಕಟ್ಟುವ ಪದ್ಧತಿಯಿಲ್ಲ. ತಂತ್ರಾಂಶದ ಲೋಕದಲ್ಲಿ ಇಷ್ಟು ದೀರ್ಘವಾದ ಸಂಯಮ ಮಾತ್ರ ಅಪರೂಪವೇ.

ಈ ಅವಧಿಯಲ್ಲಿ ನಡೆಯುವ ಕೆಲಸಗಳ ಪೈಕಿ ಅತಿ ಕಠಿಣವಾದದ್ದು ತಿದ್ದುವುದಲ್ಲ, ಕಿತ್ತುಹಾಕುವುದು. 15ನೆಯ ಆವೃತ್ತಿಗೆಂದು ಜೇಸನ್ ಎಂಬ ಮಾಹಿತಿ ವಿನ್ಯಾಸವನ್ನು ಪ್ರಮಾಣಬದ್ಧ ರೀತಿಯಲ್ಲಿ ನಿಭಾಯಿಸುವ ಸೌಲಭ್ಯಗಳ ಒಂದು ದೊಡ್ಡ ಕಂತೆ ಸೇರಿತ್ತು, ಹಲವರ ವರ್ಷಗಳ ದುಡಿಮೆ ಅದರಲ್ಲಿತ್ತು, ಬೀಟಾದಲ್ಲಿ ಜನರು ಅದನ್ನು ಬಳಸಿಯೂ ನೋಡಿದ್ದರು. ಆದರೆ ಒಳಗಿನ ಕಟ್ಟಡ ಗಟ್ಟಿಯಾಗಿಲ್ಲವೆಂಬ ಆಕ್ಷೇಪಗಳು ಬಿಡುಗಡೆಯ ಹೊತ್ತಿಗೆ ತೀರುವ ಲಕ್ಷಣ ಕಾಣದಿದ್ದಾಗ 2022ರ ಸೆಪ್ಟೆಂಬರ್ ಆರಂಭದಲ್ಲಿ ಇಡೀ ಕಂತೆಯನ್ನು ಹಿಂದಕ್ಕೆ ಪಡೆದು, ಅಕ್ಟೋಬರ್ 13ರಂದು ಅದಿಲ್ಲದೆಯೇ ಆವೃತ್ತಿಯನ್ನು ಹೊರತಂದರು. ಅದರ ಒಂದು ಭಾಗ 2023ರಲ್ಲಿ 16ನೆಯ ಆವೃತ್ತಿಗೂ ಮತ್ತೊಂದು ಮುಖ್ಯ ಭಾಗ 2024ರಲ್ಲಿ 17ನೆಯ ಆವೃತ್ತಿಗೂ ಬಂದು ಸೇರಿತು. ಜಾಹೀರಾತಿನ ದೃಷ್ಟಿಯಿಂದ ಇದು ಸೋಲು. ದಫ್ತರ ಕಾಯುವವರ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ನಿರ್ಧಾರ ಇರಲಾರದು.

ಇಂಥ ದೋಷಗಳು ಬೇರೆಲ್ಲೋ ಹುಟ್ಟಿ ಬೇರೆಲ್ಲೋ ತೀರುವಂಥವೆಂಬ ಭಾವನೆ ಬರುವುದು ಸಹಜ. ಆದ್ದರಿಂದ ಆರಂಭದಲ್ಲಿ ಹೇಳಿದ ನಾಲ್ಕು ಊರುಗಳ ಹೆಸರನ್ನೇ ಪರೀಕ್ಷೆಗೆ ಒಡ್ಡಬಹುದು. ಕನ್ನಡದ ಓದುಗನಿಗೆ ಬೈಲಹೊಂಗಲ ಎಂಬುದು ಐದು ಅಕ್ಷರಗಳ ಹೆಸರು: ಬೈ, ಲ, ಹೊಂ, ಗ, ಲ. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯು ವ್ಯಂಜನ, ಸ್ವರಚಿಹ್ನೆ, ಸೊನ್ನೆಗಳನ್ನು ಬೇರೆಬೇರೆಯಾಗಿ ಎಣಿಸುವುದರಿಂದ ಯಂತ್ರಕ್ಕೆ ಅದೇ ಹೆಸರು ಎಂಟು ಚಿಹ್ನೆಗಳ ಸಾಲು. ತೊಡಕು ಇಲ್ಲಿಂದ ಮುಂದಿದೆ. ಐತ್ವದ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಹಾಗೂ ಅದರ ಕೆಳಗೆ ಬರುವ ಬಾಲವೆಂದು ಎರಡು ಸಂಖ್ಯೆಗಳಾಗಿಯೂ ಬರೆಯಬಹುದು; ಒತ್ವದ ಚಿಹ್ನೆಯನ್ನೂ ಹಾಗೆಯೇ ಇಡಿಯಾಗಿ ಅಥವಾ ಎತ್ವ ಮತ್ತು ಊತ್ವದ ಕೊಂಬು ಎಂದು ಬಿಡಿಸಿ ಬರೆಯಬಹುದು. ಎರಡಕ್ಕೂ ಎರಡೆರಡು ರೂಪಗಳಿರುವುದರಿಂದ ಬೈಲಹೊಂಗಲವನ್ನು ನಾಲ್ಕು ಬಗೆಯಲ್ಲಿ ದಾಖಲಿಸಲು ಸಾಧ್ಯವಾಗಿದ್ದು, ಪರದೆಯ ಮೇಲೆ ನಾಲ್ಕೂ ಒಂದೇ ತೆರನಾಗಿ ಕಂಡರೂ, ಯಂತ್ರದ ಸ್ಮರಣೆಯ ಅಳತೆಯಾದ ಬೈಟುಗಳಲ್ಲಿ ಎಣಿಸಿದರೆ ಚಿಕ್ಕ ರೂಪವು 24 ಬೈಟುಗಳನ್ನೂ ಪೂರ್ತಿ ಬಿಡಿಸಿದ ರೂಪವು 30 ಬೈಟುಗಳನ್ನೂ ಆಕ್ರಮಿಸುತ್ತದೆ. ಎಂಟು ಚಿಹ್ನೆಗಳಿಗೆಂದು ಅಳೆದು ಕೊಟ್ಟ ಕಾಲಮ್ಮಿನಲ್ಲಿ ಒಂದು ರೂಪ ಹಿಡಿಸುತ್ತದೆ, ಇನ್ನುಳಿದ ಮೂರೂ ಹಿಡಿಸುವುದಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಈ ಕಾಟವಿಲ್ಲ, ಏಕೆಂದರೆ ಒಡೆದು ಬರೆಯಬಹುದಾದ ಸ್ವರಚಿಹ್ನೆ ಆ ಹೆಸರುಗಳಲ್ಲಿಲ್ಲ. ರಾಮದುರ್ಗದ ಕಡೆಯ ಕಟಕೋಳಕ್ಕಾದರೋ ದೀರ್ಘ ಓತ್ವ ಒಂದರಿಂದಲೇ ಮೂರು ರೂಪಗಳು ಒದಗುತ್ತವೆ.

ದತ್ತಸಂಚಯವು ಸಾಮಾನ್ಯವಾಗಿ ಎರಡು ಪದಗಳನ್ನು ಬೈಟಿಗೆ ಬೈಟು ಹೋಲಿಸಿ ಒಂದೇ ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ಹಾಗಿರುವಾಗ ನುಡಿಯಂಥ ಕನ್ನಡ ಬರಹದ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವೊಂದು ಬಿಡಿ ರೂಪವನ್ನು ಬರೆದು, ಇಂದಿನ ಕೀಲಿಮಣೆಯು ಇಡಿ ರೂಪವನ್ನು ಬರೆದರೆ, ತಾಲ್ಲೂಕುವಾರು ಲೆಕ್ಕ ತೆಗೆದಾಗ ಬೈಲಹೊಂಗಲವು ಎರಡು ಸಾಲುಗಳಲ್ಲಿ ಎರಡು ಬೇರೆ ಮೊತ್ತಗಳೊಂದಿಗೆ ಮೂಡುತ್ತದೆ; ಒಂದು ರೂಪದಲ್ಲಿ ಹುಡುಕಿದವನಿಗೆ ಇನ್ನೊಂದು ರೂಪದಲ್ಲಿರುವ ದಾಖಲೆ ಇಲ್ಲವೇ ಇಲ್ಲವೆಂಬ ಉತ್ತರ ಸಿಗುತ್ತದೆ. ಯಂತ್ರದ ನಿಯಮದ ಪ್ರಕಾರ ಇದು ತಪ್ಪಲ್ಲ. ಮನುಷ್ಯನ ಕಣ್ಣಿಗೆ ಮಾತ್ರ ಇದು ತಪ್ಪು, ಮತ್ತು ಬಿಡುಗಡೆಪೂರ್ವದ ಪರಿಷ್ಕಾರಗಳ ಒಂದು ಪಾಲು ಇಂಥ ನಡುಪ್ರದೇಶದಲ್ಲೇ ನಡೆಯುತ್ತದೆ.

ಪರಿಹಾರ ಬಂದ ಬಗೆಯನ್ನು ಗಮನಿಸಿದರೆ ಪರಿಷ್ಕಾರವೆಂಬುದು ಎಷ್ಟು ನಿಧಾನದ ಕೆಲಸವೆಂದು ತಿಳಿಯುತ್ತದೆ. 2019ರ 12ನೆಯ ಆವೃತ್ತಿಯು ಬೈಟುಗಳು ಬೇರೆಯಾದರೂ ಭಾಷೆಯ ದೃಷ್ಟಿಯಿಂದ ಒಂದೇ ಆದ ಪದಗಳನ್ನು ಸಮಾನವೆಂದು ಪರಿಗಣಿಸುವ ಹೋಲಿಕೆಯ ನಿಯಮಗಳಿಗೆ ಅವಕಾಶ ಕೊಟ್ಟಿತು. 2020ರ 13ನೆಯ ಆವೃತ್ತಿಯು ಬಿಡಿ ರೂಪಗಳನ್ನು ಇಡಿ ರೂಪಕ್ಕೆ ತರುವ ಕ್ರಿಯೆಯನ್ನು ಒದಗಿಸಿತು. ಆದರೆ 12ನೆಯ ಆವೃತ್ತಿ ತಂದ ಹೋಲಿಕೆಯಲ್ಲಿ ಪದದ ಒಂದು ತುಣುಕನ್ನಷ್ಟೇ ಕೊಟ್ಟು, ಉದಾಹರಣೆಗೆ ಹೊಂಗಲ ಎಂದಷ್ಟೇ ಬರೆದು, ಹುಡುಕುವ ಸಾಮಾನ್ಯ ವಿಧಾನ ನಡೆಯುತ್ತಿರಲಿಲ್ಲ. ಆ ಕೊರತೆ ನೀಗಿದ್ದು 2025ರ ಸೆಪ್ಟೆಂಬರ್ 25ರಂದು ಬಂದ 18ನೆಯ ಆವೃತ್ತಿಯಲ್ಲಿ. ಒಂದೇ ಹೆಸರಿನ ನಾಲ್ಕು ರೂಪಗಳನ್ನು ಒಂದೆಂದು ಕಾಣುವ ಕೆಲಸವು ಪೂರ್ಣತೆಯ ಹತ್ತಿರ ಬರಲು ಆರು ವರ್ಷ ಹಿಡಿಯಿತು.

ಅಕಾರಾದಿ ಜೋಡಣೆಯ ಕಥೆ ಇನ್ನೂ ಗಂಭೀರವಾದದ್ದು. ಸೂಚಿ, ಅಂದರೆ ಇಂಡೆಕ್ಸ್, ಎಂಬುದು ದಾಖಲೆಗಳನ್ನು ಒಂದು ಅನುಕ್ರಮದಲ್ಲಿ ಜೋಡಿಸಿಟ್ಟ ಪಟ್ಟಿಯಾಗಿದ್ದು, ನಿಘಂಟಿನ ನಡುವಿನ ಪುಟ ತೆರೆದು ಹಿಂದೆಯೋ ಮುಂದೆಯೋ ಎಂದು ನಿರ್ಧರಿಸುವ ಓದುಗನಂತೆ ಯಂತ್ರವೂ ಅನುಕ್ರಮವನ್ನು ನಂಬಿ ಹುಡುಕುತ್ತದೆ. ಆ ಅನುಕ್ರಮವನ್ನು ಹೇಳಿಕೊಡುವುದು ಮಾತ್ರ ಹಲವು ವೇಳೆ ದತ್ತಸಂಚಯವಲ್ಲ, ಅದರ ಅಡಿಯಲ್ಲಿರುವ ಕಾರ್ಯಾಚರಣ ವ್ಯವಸ್ಥೆ. 2018ರ ಆಗಸ್ಟಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೂಲ ಸಂಕೇತಭಂಡಾರವಾದ ಗ್ಲಿಬ್‌ಸಿಯ 2.28ನೆಯ ಆವೃತ್ತಿಯು ಅನೇಕ ಭಾಷೆಗಳ ಜೋಡಣೆಯ ನಿಯಮಗಳನ್ನು ಅಂತರರಾಷ್ಟ್ರೀಯ ಪ್ರಮಾಣಕ್ಕೆ ಹೊಂದುವಂತೆ ಒಮ್ಮೆಗೇ ಬದಲಿಸಿತು. ಬದಲಾವಣೆ ಸರಿಯಾದದ್ದೇ, ಆದರೆ ಹಳೆಯ ನಿಯಮದಂತೆ ಜೋಡಿಸಿಟ್ಟ ಸೂಚಿಗಳು ಹೊಸ ನಿಯಮದ ಕೆಳಗೆ ಸುಳ್ಳಾದವು. ಸಂಪಗಾಂವವು ಸವದತ್ತಿಗಿಂತ ಮುಂಚೆ ಬರುತ್ತದೆಂದು ಜೋಡಿಸಿದ ಪಟ್ಟಿಯಲ್ಲಿ, ಸೊನ್ನೆಯ ಸ್ಥಾನ ಬದಲಾಯಿತೆಂದು ತಿಳಿದು ಯಂತ್ರವು ಸವದತ್ತಿಯ ನಂತರ ಹುಡುಕತೊಡಗಿದರೆ, ಸಂಪಗಾಂವವು ಪಟ್ಟಿಯಲ್ಲಿದ್ದೂ ಸಿಗುವುದಿಲ್ಲ. ಇಲ್ಲವೆಂದುಕೊಂಡು ಎರಡನೆಯ ಬಾರಿ ಬರೆಯಲು ಹೋದರೆ, ಒಂದೇ ಇರಬೇಕೆಂಬ ಕಟ್ಟಳೆಯನ್ನೂ ಮೀರಿ ಅದು ದಾಖಲಾಗುತ್ತದೆ. ಕಲ್ಪನೆಗೆಂದು ಕೊಟ್ಟ ಈ ಉದಾಹರಣೆಯ ಬಗೆಯದೇ ತೊಂದರೆಯನ್ನು ಆಗ ಹಲವು ದೇಶಗಳ ಬಳಕೆದಾರರು ಎದುರಿಸಬೇಕಾಯಿತು. 2022ರ 15ನೆಯ ಆವೃತ್ತಿಯಿಂದೀಚೆಗೆ ಪೋಸ್ಟ್‌ಗ್ರೆಸ್ ತನ್ನ ಇಡೀ ದತ್ತಸಂಚಯದ ಜೋಡಣೆಯ ನಿಯಮದ ಆವೃತ್ತಿಯನ್ನು ಬರೆದಿಟ್ಟುಕೊಂಡು, ಅಡಿಪಾಯ ಬದಲಾದರೆ ಎಚ್ಚರಿಕೆ ಕೊಡುತ್ತದೆ.

ತಿದ್ದುಪಡಿಯೇ ಹೊಸ ದೋಷವನ್ನು ತರುವುದೂ ಉಂಟು. ಬಿಡುಗಡೆಯಾದ ಪ್ರತಿ ಆವೃತ್ತಿಗೂ ಐದು ವರ್ಷಗಳ ಕಾಲ, ವರ್ಷಕ್ಕೆ ನಾಲ್ಕು ಬಾರಿಯಾದರೂ, ಹೊಸ ಸೌಲಭ್ಯವಿಲ್ಲದೆ ಬರೀ ತೇಪೆಗಳ ಕಂತು ಬರುತ್ತದೆ. 2024ರ ನವೆಂಬರ್ 14ರ ಕಂತು ಒಳಗಿನ ಒಂದು ರಚನೆಯ ಅಳತೆಯನ್ನು ಬದಲಿಸಿದ್ದರಿಂದ ಅದನ್ನು ನಂಬಿದ್ದ ಕೆಲವು ಹೊರಗಿನ ಸೇರ್ಪಡೆ ತಂತ್ರಾಂಶಗಳು ಮುರಿದವು, ಒಂದೇ ವಾರದಲ್ಲಿ ತೇಪೆಗೆ ತೇಪೆ ಹಚ್ಚಬೇಕಾಯಿತು. 14ನೆಯ ಆವೃತ್ತಿಯಲ್ಲಂತೂ ಕೆಲಸ ನಿಲ್ಲಿಸದೆ ಸೂಚಿ ಕಟ್ಟುವ ವಿಧಾನವು ಕೆಲವೊಮ್ಮೆ ಸೂಚಿಯನ್ನೇ ಕೆಡಿಸುತ್ತಿತ್ತೆಂಬುದು 2021ರ ಬಿಡುಗಡೆಯ ಹಿಂದಿನ ಯಾವ ಪರೀಕ್ಷೆಯಲ್ಲೂ ಸಿಗದೆ, 2022ರ ಜೂನ್ 16ರಂದು ವೇಳಾಪಟ್ಟಿಗೆ ಹೊರತಾದ ಕಂತಿನಲ್ಲಿ ಸರಿಹೋಯಿತು. ಬೇರೆಬೇರೆ ಯಂತ್ರಗಳಲ್ಲಿ ಸ್ವಯಂಸೇವಕರು ಸದಾ ಓಡಿಸುವ ಪರೀಕ್ಷೆಗಳ ಒಂದು ಜಾಲವೇ ಇದ್ದು, ಅಲ್ಲಿನ ಪ್ರತಿ ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರಿಟ್ಟಿದ್ದರೂ, ಆ ಹಿಂಡಿನ ಕಣ್ಣು ತಪ್ಪಿಸುವ ದೋಷಗಳು ಉಳಿದೇ ಉಳಿಯುತ್ತವೆ. ತದ್ವಿರುದ್ಧವಾಗಿ, ಆ್ಯಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಪರಿಣತರು 2024ರಲ್ಲಿ ತಮ್ಮ ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದಾಗ ದೂರದ ಯಂತ್ರದೊಳಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಗಮನಿಸಿ, ಎಕ್ಸ್‌ಜೆಡ್ ಎಂಬ ಬೇರೆಯೇ ತಂತ್ರಾಂಶದಲ್ಲಿ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಅರ್ಧ ಸೆಕೆಂಡಿನ ಬಗ್ಗೆ ಅಸಮಾಧಾನಪಡುವ ಸ್ವಭಾವವೂ ಒಂದು ಪರೀಕ್ಷಾ ಸಾಧನವೇ.

ಎಲ್ಲ ತಪ್ಪೂ ತಂತ್ರಾಂಶದ್ದಲ್ಲವೆಂಬುದನ್ನೂ ಹೇಳಬೇಕು. ಶಾಸನಗಳ ಸುಗಂಧವರ್ತಿಯು ಸವದತ್ತಿಯೆಂದೂ ಸೌದತ್ತಿಯೆಂದೂ ಬರೆಯಲ್ಪಡುತ್ತಿದೆ. ಬ್ರಿಟಿಷರ ಕಾಲದ ಪರಸಗಡ ತಾಲ್ಲೂಕು ಇಂದು ಸವದತ್ತಿಯ ಹೆಸರಿನಲ್ಲಿದೆ, ಸಂಪಗಾಂವ ತಾಲ್ಲೂಕಿನ ಜಾಗದಲ್ಲಿ ಬೈಲಹೊಂಗಲವಿದೆ. ಬೈಲಹೊಂಗಲದಿಂದ ಬೇರ್ಪಟ್ಟ ಕಿತ್ತೂರನ್ನು ಕೆಲವರು ಚನ್ನಮ್ಮನ ಕಿತ್ತೂರು ಎಂದು ಬರೆಯುತ್ತಾರೆ. ಇವುಗಳ ಜಿಲ್ಲಾಕೇಂದ್ರಕ್ಕೆ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಳಗಾವಿಯೆಂಬ ಹೆಸರೇ ಅಧಿಕೃತ. ಈ ಹೆಸರುಗಳ ಪರಸ್ಪರ ನಂಟನ್ನು ಯಾವ ಆವೃತ್ತಿಯ ದತ್ತಸಂಚಯವೂ ತಾನಾಗಿ ತಿಳಿಯಲಾರದು, ಹೆಸರುಗಳ ಪಟ್ಟಿಯನ್ನು ಜನರೇ ಕೊಡಬೇಕು. ಒತ್ವ ಓತ್ವಗಳ ಬಿಡಿ ರೂಪಗಳ ವಿಷಯ ಹಾಗಲ್ಲ; ಅದು ತಂತ್ರಾಂಶದ ಹೊಣೆ, ಮತ್ತು ಅದರ ಕೊರತೆಗಳು ಕನ್ನಡದ ದಾಖಲೆಗಳನ್ನು ಕನ್ನಡ ಬಲ್ಲವರು ಹಾಕಿ ನೋಡಿದಾಗಲೇ ಹೊರಬೀಳುವಂಥವು.

ಪ್ರತಿ ವರ್ಷ ಮೇ ತಿಂಗಳ ಆಸುಪಾಸಿನಲ್ಲಿ ಮೊದಲ ಬೀಟಾ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ದೋಷವನ್ನು ವರದಿ ಮಾಡಲು ಯಾವ ಪದವಿಯೂ ಸದಸ್ಯತ್ವವೂ ಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿಯಲ್ಲೇ ಇರುವಾಗ, ಈ ಜಿಲ್ಲೆಯ ವಿದ್ಯಾರ್ಥಿಗಳು ಬರುವ ಬೇಸಿಗೆಯಲ್ಲಿ ನೇಸರಗಿ, ಬೈಲಹೊಂಗಲ, ಸುರೇಬಾನ, ಕಟಕೋಳ ಎಂಬ ನಾಲ್ಕೇ ಹೆಸರುಗಳನ್ನು ಎಲ್ಲ ರೂಪಗಳಲ್ಲೂ ದಾಖಲಿಸಿ, ಹುಡುಕಿ, ಜೋಡಿಸಿ, ಎಣಿಸಿ ನೋಡಲಿ. ಉತ್ತರ ತಪ್ಪಿ ಬಂದರೆ ಸೆಪ್ಟೆಂಬರಿಗೆ ಮುಂಚೆ ತಿಳಿಸಲಿ.