ಭೂಕಂಪಾನಂತರದ ಹೈಟಿಯಲ್ಲಿ ಆರೋಗ್ಯವ್ಯವಸ್ಥೆಯ ಪುನರ್ನಿರ್ಮಾಣ

೧

ಪ್ರಕೃತಿವಿಕೋಪಗಳು ಚರಿತ್ರಕಾರನ ಅಧ್ಯಯನಕ್ಕೆ ಸೇರಿದ ವಿಷಯವಲ್ಲವೆಂದು ಭಾವಿಸುವುದು ವಾಡಿಕೆ. ಭೂಮಿ ನಡುಗುವುದಕ್ಕೆ ಭೂಗರ್ಭಶಾಸ್ತ್ರಜ್ಞರು ಕಾರಣ ಹೇಳುತ್ತಾರೆ. ಗಾಯಗೊಂಡವರನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಚರಿತ್ರಕಾರನಿಗೆ ಅಲ್ಲೇನು ಕೆಲಸವೆಂದು ಕೇಳುವವರುಂಟು. ಆದರೆ ಒಂದೇ ವರ್ಷದಲ್ಲಿ ನಡೆದ ಎರಡು ಭೂಕಂಪಗಳನ್ನು ಹೋಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ೨೦೧೦ನೆಯ ಜನವರಿ ೧೨ರಂದು ಹೈಟಿಯಲ್ಲಿ ಸಂಭವಿಸಿದ ಭೂಕಂಪದ ಪ್ರಮಾಣ ೭.೦. ಅದೇ ಫೆಬ್ರವರಿ ೨೭ರಂದು ಚಿಲಿ ದೇಶದಲ್ಲಿ ಸಂಭವಿಸಿದ್ದು ೮.೮. ಹೊರಬಿದ್ದ ಶಕ್ತಿಯನ್ನು ಲೆಕ್ಕಹಾಕಿದರೆ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಐನೂರು ಪಟ್ಟು ದೊಡ್ಡದು. ಆದರೂ ಚಿಲಿಯಲ್ಲಿ ಮಡಿದವರು ಐನೂರು ಚಿಲ್ಲರೆ ಮಂದಿ. ಹೈಟಿಯಲ್ಲಿ ಮಡಿದವರ ಸಂಖ್ಯೆಯನ್ನು ಕುರಿತು ಭಿನ್ನಾಭಿಪ್ರಾಯವಿದ್ದರೂ ಸರ್ಕಾರದ ಅಂದಾಜು ಎರಡು ಲಕ್ಷವನ್ನು ಮೀರಿತ್ತು. ಈ ವ್ಯತ್ಯಾಸದಲ್ಲಿ ಭೂಕೇಂದ್ರವು ರಾಜಧಾನಿಗೆ ಹತ್ತಿರವಿದ್ದುದರ ಪಾಲೂ ಉಂಟು. ಉಳಿದ ಪಾಲು ಕಟ್ಟಡಗಳದು, ಕಾನೂನಿನದು, ಆಡಳಿತದ್ದು, ಎಂದರೆ ಚರಿತ್ರೆಯದು.

ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಪ್ರೇರಣೆ. 'ಪ್ರಪಂಚವೆಲ್ಲ ಹಣ ಕೊಟ್ಟ ಮೇಲೂ ಆ ದೇಶದ ಆಸ್ಪತ್ರೆಗಳು ಏಕೆ ಎದ್ದು ನಿಲ್ಲಲಿಲ್ಲ?' ಎಂದು ಆತ ಕೇಳಿದನು. ಲಂಚ, ಅದಕ್ಷತೆ ಎಂಬ ಸಿದ್ಧ ಉತ್ತರ ಸುಲಭವಾಗಿ ದೊರೆಯುತ್ತದೆ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಅದು ಪ್ರಶ್ನೆಯನ್ನು ಅರ್ಧ ದಾರಿಯಲ್ಲೇ ಬಿಡುತ್ತದೆ.

೨

ಹೈಟಿಯು ಗುಲಾಮರೇ ಬಂಡೆದ್ದು ಸ್ಥಾಪಿಸಿಕೊಂಡ ರಾಷ್ಟ್ರ. ೧೮೦೪ರಲ್ಲಿ ಅದು ಫ್ರಾನ್ಸಿನಿಂದ ಸ್ವತಂತ್ರವಾಯಿತು. ೧೮೨೫ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬಂದು ನಿಂತು, ಭೂಮಿಯನ್ನೂ ಗುಲಾಮರನ್ನೂ ಕಳೆದುಕೊಂಡ ಹಳೆಯ ಒಡೆಯರಿಗೆ ೧೫ ಕೋಟಿ ಫ್ರಾಂಕುಗಳ ಪರಿಹಾರ ಕೊಡಬೇಕೆಂದು ವಿಧಿಸಿದವು. ೧೮೩೮ರಲ್ಲಿ ಈ ಮೊತ್ತವನ್ನು ೯ ಕೋಟಿಗೆ ಇಳಿಸಲಾಯಿತಾದರೂ, ಅದನ್ನು ತೀರಿಸಲು ಮಾಡಿದ ಸಾಲಗಳ ಹೊರೆ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತು. ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ವ್ಯಯವಾಗಬೇಕಾಗಿದ್ದ ಹಣ ಹೀಗೆ ಹೊರಕ್ಕೆ ಹರಿಯಿತು. ೧೯೧೫ರಿಂದ ೧೯೩೪ರವರೆಗೆ ದೇಶವು ಅಮೆರಿಕದ ಸೈನ್ಯದ ಹಿಡಿತದಲ್ಲಿದ್ದಿತು. ಆಗ ಸಾರ್ವಜನಿಕ ಆರೋಗ್ಯದ ಆಡಳಿತವನ್ನು ಅಮೆರಿಕದ ನೌಕಾಪಡೆಯ ವೈದ್ಯರು ನಡೆಸಿದರು. ಆ ಕಾಲದಲ್ಲಿ ಅಧಿಕಾರವೂ ವ್ಯಾಪಾರವೂ ಪೋರ್ಟ್-ಔ-ಪ್ರಿನ್ಸ್ ನಗರದಲ್ಲಿ ಕೇಂದ್ರೀಕೃತವಾದವು. ಮುಂದೆ ಆ ಒಂದು ನಗರ ಉರುಳಿದಾಗ ಇಡೀ ರಾಷ್ಟ್ರವೇ ಉರುಳಿದಂತಾದುದಕ್ಕೆ ಇದು ಒಂದು ಕಾರಣ.

೧೯೫೭ರಲ್ಲಿ ಅಧ್ಯಕ್ಷಪದವಿಗೆ ಬಂದ ಫ್ರಾನ್ಸ್ವಾ ಡುವಾಲಿಯೆ ಸ್ವತಃ ವೈದ್ಯನಾಗಿದ್ದವನು. ಹಳ್ಳಿಗಳಲ್ಲಿ ಯಾಸ್ ಎಂಬ ಚರ್ಮರೋಗದ ನಿರ್ಮೂಲನ ಕಾರ್ಯದಲ್ಲಿ ದುಡಿದು ಜನರ ವಿಶ್ವಾಸ ಗಳಿಸಿದವನು. ಆದರೆ ಆತನ ಸರ್ವಾಧಿಕಾರದ ಭಯದಿಂದಲೇ ವೈದ್ಯರೂ ಉಪಾಧ್ಯಾಯರೂ ದೇಶವನ್ನು ಬಿಟ್ಟು ಅಮೆರಿಕ, ಕೆನಡಾ, ಆಫ್ರಿಕದ ಕಾಂಗೋ ಮುಂತಾದೆಡೆಗೆ ವಲಸೆ ಹೋದುದು ಇತಿಹಾಸದ ವಿಪರ್ಯಾಸ. ಆತನ ಮಗನ ಆಳ್ವಿಕೆ ೧೯೮೬ರಲ್ಲಿ ಕೊನೆಗೊಂಡ ಮೇಲೂ ಈ ವಲಸೆ ನಿಲ್ಲಲಿಲ್ಲ. ಸರ್ಕಾರದ ಕೈ ಬಡವಾದಷ್ಟೂ ಧರ್ಮಸಂಸ್ಥೆಗಳೂ ವಿದೇಶೀ ಸೇವಾಸಂಸ್ಥೆಗಳೂ ಚಿಕಿತ್ಸೆಯ ಭಾರವನ್ನು ವಹಿಸಿಕೊಂಡವು. ಹೀಗೆ ಭೂಕಂಪಕ್ಕೆ ಮೊದಲೇ ಆರೋಗ್ಯವ್ಯವಸ್ಥೆ ಎಂಬುದು ಒಂದೇ ಮನೆಯಾಗಿರದೆ, ಬೇರೆ ಬೇರೆ ಯಜಮಾನರ ಬಿಡಿ ಬಿಡಿ ಗುಡಿಸಲುಗಳಂತಿದ್ದಿತು.

ಆದರೂ ಹೈಟಿಯ ವೈದ್ಯರು ಕೈಕಟ್ಟಿ ಕುಳಿತಿದ್ದರೆಂದು ಹೇಳಲಾಗದು. ಡಾ. ಜಾನ್ ವಿಲಿಯಂ ಪಾಪ್ ಅವರು ರಾಜಧಾನಿಯ ಸರ್ಕಾರೀ ಆಸ್ಪತ್ರೆಯಲ್ಲಿ ಉಪ್ಪು ಸಕ್ಕರೆಯ ದ್ರಾವಣವನ್ನು ಕುಡಿಸುವ ಚಿಕಿತ್ಸೆಯನ್ನು ಆರಂಭಿಸಿ, ವಾಂತಿಭೇದಿಯಿಂದ ಮಡಿಯುತ್ತಿದ್ದ ಶಿಶುಗಳ ಸಂಖ್ಯೆಯನ್ನು ಗಣನೀಯವಾಗಿ ಇಳಿಸಿದರು. ೧೯೮೨ರಲ್ಲಿ ಅವರೂ ಸಂಗಡಿಗರೂ ಸ್ಥಾಪಿಸಿದ ಗೆಸ್ಕಿಯೊ ಸಂಸ್ಥೆಯು ಏಡ್ಸ್ ರೋಗದ ಚಿಕಿತ್ಸೆಯಲ್ಲಿ ಹೆಸರು ಪಡೆಯಿತು. ಮಧ್ಯ ಪ್ರಸ್ಥಭೂಮಿಯ ಕಾಂಜ್ ಎಂಬ ಹಳ್ಳಿಯಲ್ಲಿ ಝಾನ್ಮಿ ಲಾಸಾಂತೆ ಸಂಸ್ಥೆಯು ಊರವರನ್ನೇ ಆರಿಸಿ, ತರಬೇತು ಕೊಟ್ಟು, ಸಂಬಳವಿತ್ತು, ಕ್ಷಯ ಮತ್ತು ಏಡ್ಸ್ ರೋಗಿಗಳ ಮನೆಬಾಗಿಲಿಗೆ ಔಷಧವನ್ನು ಮುಟ್ಟಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಮುಂದಿನ ಕಥೆಯಲ್ಲಿ ಈ ಎರಡು ಸಂಸ್ಥೆಗಳ ಪಾತ್ರ ಹಿರಿದಾದುದರಿಂದ ಅವನ್ನು ಇಲ್ಲಿ ನೆನೆಯುವುದು ಅಗತ್ಯ.

೩

ಭೂಕಂಪವಾದುದು ಸಂಜೆ ಐದಕ್ಕೆ ಏಳು ನಿಮಿಷವಿದ್ದಾಗ. ರಾಜಧಾನಿಯ ಪಶ್ಚಿಮಕ್ಕೆ ಸುಮಾರು ೨೫ ಕಿಲೋಮೀಟರು ದೂರದ ಲಿಯೋಗಾನ್ ಬಳಿ ಅದರ ಕೇಂದ್ರ. ಅಧ್ಯಕ್ಷರ ಅರಮನೆಯೂ ಬಹುತೇಕ ಮಂತ್ರಾಲಯಗಳೂ ಕುಸಿದವು. ಅವುಗಳಲ್ಲಿ ಆರೋಗ್ಯ ಮಂತ್ರಾಲಯವೂ ಒಂದು. ಅದರ ನೌಕರರು ಅನೇಕರು ಅದರ ಅಡಿಯಲ್ಲೇ ಮಡಿದರು. ರಾಷ್ಟ್ರೀಯ ದಾದಿಯರ ಶಾಲೆ ಕುಸಿದು ತರಬೇತು ಪಡೆಯುತ್ತಿದ್ದ ವಿದ್ಯಾರ್ಥಿನಿಯರು ಹಲವರು ಸತ್ತರು. ಹಾನಿಗೀಡಾದ ಮೂರು ಪ್ರಾಂತಗಳಲ್ಲಿ ಇದ್ದ ೪೯ ಆಸ್ಪತ್ರೆಗಳ ಪೈಕಿ ೩೦ ನಾಶವಾದವು ಅಥವಾ ಜಖಂಗೊಂಡವು. ಶಾಂತಿಪಾಲನೆಗೆಂದು ಬಂದಿದ್ದ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯೂ ಉರುಳಿ ಅದರ ಮುಖ್ಯಸ್ಥರೇ ಪ್ರಾಣ ಕಳೆದುಕೊಂಡರು.

ಇಲ್ಲಿ ನಮ್ಮ ದೇಶದ ಒಂದು ಅನುಭವವನ್ನು ಪಕ್ಕದಲ್ಲಿಟ್ಟು ನೋಡಬಹುದು. ೨೦೦೧ನೆಯ ಜನವರಿ ೨೬ರ ಭೂಕಂಪದಲ್ಲಿ ಗುಜರಾತಿನ ಭುಜ್ ಪಟ್ಟಣದ ಆಸ್ಪತ್ರೆಯೂ ಕುಸಿಯಿತು. ಆದರೆ ಗಾಂಧಿನಗರದ ಸರ್ಕಾರ ನಿಂತಿತ್ತು; ದೆಹಲಿಯ ಸರ್ಕಾರ ನಿಂತಿತ್ತು; ಆಜ್ಞೆ ಹೊರಡಿಸಲು ಅಧಿಕಾರಿಗಳೂ, ಹಣ ಪಾವತಿಮಾಡಲು ಖಜಾನೆಯೂ ಇದ್ದವು. ೨೦೦೪ರ ವೇಳೆಗೆ ಅದೇ ಊರಿನಲ್ಲಿ ರಬ್ಬರು ಮತ್ತು ಸೀಸದ ಆಧಾರಗಳ ಮೇಲೆ ನಿಂತ, ನೆಲದ ನಡುಕವನ್ನು ತಾಳಬಲ್ಲ ಹೊಸ ಆಸ್ಪತ್ರೆ ತೆರೆಯಿತು. ಹೈಟಿಯಲ್ಲಿ ಏಟು ಬಿದ್ದುದು ರಾಜಧಾನಿಗೇ. ಪುನರ್ನಿರ್ಮಾಣ ಮಾಡಬೇಕಾದವರೇ ಅವಶೇಷಗಳಡಿ ಸಿಕ್ಕಿಬಿದ್ದಿದ್ದರು.

ಮೊದಲ ವಾರಗಳಲ್ಲಿ ಬಂದ ನೆರವು ಅಪಾರ. ಮೊದಲೇ ದೇಶದಲ್ಲಿ ನೆಲೆಸಿದ್ದ ಕ್ಯೂಬಾದ ವೈದ್ಯರು ಆ ರಾತ್ರಿಯೇ ಕೆಲಸಕ್ಕೆ ತೊಡಗಿದರು. ಅಮೆರಿಕದ ಆಸ್ಪತ್ರೆ ಹಡಗು ಬಂದಿತು. ಹಲವು ರಾಷ್ಟ್ರಗಳು ಡೇರೆಯ ಆಸ್ಪತ್ರೆಗಳನ್ನು ಹೂಡಿದವು. ಆದರೆ ವಿಮಾನನಿಲ್ದಾಣದ ಇಕ್ಕಟ್ಟಿನಲ್ಲಿ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಗಾಳಿತುಂಬುವ ಆಸ್ಪತ್ರೆಯನ್ನು ಹೊತ್ತ ವಿಮಾನವು ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ತಿರುಗಬೇಕಾಯಿತು. ಜಜ್ಜಿಹೋದ ಕೈಕಾಲುಗಳಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ದೊರೆಯದೆ ಸಾವಿರಾರು ಮಂದಿಯ ಅವಯವಗಳನ್ನು ಕತ್ತರಿಸಬೇಕಾಯಿತು. ಅಂಥವರಿಗೆ ಬೇಕಾದುದು ಒಂದು ದಿನದ ಶಸ್ತ್ರವೈದ್ಯನಲ್ಲ. ಕೃತಕ ಕಾಲು ಸವೆಯುತ್ತದೆ, ಮಗು ಬೆಳೆದಂತೆ ಚಿಕ್ಕದಾಗುತ್ತದೆ. ಆದುದರಿಂದ ವರ್ಷವರ್ಷವೂ ಹೋಗಿ ಬರಲು ಒಂದು ಸ್ಥಿರವಾದ ಸ್ಥಳ ಬೇಕು. ಬಂದ ವೈದ್ಯರು ಕೆಲವು ವಾರಗಳಲ್ಲಿ ಹಿಂದಿರುಗಿದರು. ರೋಗಿಗಳು ಅಲ್ಲೇ ಉಳಿದರು.

ಧರ್ಮಾರ್ಥ ಚಿಕಿತ್ಸೆಯಿಂದ ಇನ್ನೊಂದು ತೊಡಕೂ ಉಂಟಾಯಿತು. ಅದುವರೆಗೆ ರೋಗಿಗಳು ಕೊಡುತ್ತಿದ್ದ ಶುಲ್ಕದಿಂದಲೇ ಸ್ಥಳೀಯ ಆಸ್ಪತ್ರೆಗಳು ನೌಕರರ ಸಂಬಳ ಕೊಡುತ್ತಿದ್ದವು. ಎಲ್ಲೆಡೆಯೂ ಚಿಕಿತ್ಸೆ ಉಚಿತವಾದಾಗ ಬಡವರಿಗೆ ನಿಜವಾದ ಉಪಕಾರವಾಯಿತು. ಆದರೆ ಶುಲ್ಕದ ಸ್ಥಾನದಲ್ಲಿ ಬೇರೆ ಆದಾಯವನ್ನು ಯಾರೂ ತುಂಬಿಕೊಡಲಿಲ್ಲ. ಗಾಯಾಳುಗಳಿಗೆ ಬಾಗಿಲು ತೆರೆದಿದ್ದ ರಾಜಧಾನಿಯ ಒಂದು ಖಾಸಗಿ ಆಸ್ಪತ್ರೆ ಕೆಲವೇ ತಿಂಗಳಲ್ಲಿ ಹಣವಿಲ್ಲದೆ ಮುಚ್ಚಿತು.

೪

೨೦೧೦ನೆಯ ಮಾರ್ಚ್ ೩೧ರಂದು ನ್ಯೂಯಾರ್ಕಿನಲ್ಲಿ ಸೇರಿದ ದಾನಿರಾಷ್ಟ್ರಗಳು ಮೊದಲ ಎರಡು ವರ್ಷಗಳಿಗಾಗಿ ೫೩೦ ಕೋಟಿ ಡಾಲರುಗಳ ವಾಗ್ದಾನ ಮಾಡಿದವು. ಇದರ ಮೇಲ್ವಿಚಾರಣೆಗೆ ಹೈಟಿಯ ಪ್ರಧಾನಿಯೂ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೂ ಜಂಟಿ ಅಧ್ಯಕ್ಷರಾಗಿದ್ದ ತಾತ್ಕಾಲಿಕ ಆಯೋಗವೊಂದು ರಚಿತವಾಯಿತು; ೨೦೧೧ರ ಅಕ್ಟೋಬರಿನಲ್ಲಿ ಅದರ ಅವಧಿ ಮುಗಿಯಿತು. ಆದರೆ ಹಣ ಯಾವ ಕಾಲುವೆಯಲ್ಲಿ ಹರಿಯಿತೆಂಬುದು ಮುಖ್ಯ. ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯ ಕಚೇರಿ ನಡೆಸಿದ ಪರಿಶೀಲನೆಯ ಪ್ರಕಾರ, ತುರ್ತು ಪರಿಹಾರದ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ಬಂದುದು ನೂರಕ್ಕೆ ಒಂದು ಭಾಗ. ಸರ್ಕಾರ ದುರ್ಬಲವೆಂಬ ಕಾರಣಕ್ಕೆ ಹಣವನ್ನು ಅದಕ್ಕೆ ಕೊಡಲಿಲ್ಲ. ಹಣ ಬಾರದ ಕಾರಣ ಅದು ಇನ್ನಷ್ಟು ದುರ್ಬಲವಾಯಿತು. ವಿದೇಶೀ ಸಂಸ್ಥೆಗಳು ಹೆಚ್ಚಿನ ಸಂಬಳವಿತ್ತು ದಾದಿಯರನ್ನೂ ವೈದ್ಯರನ್ನೂ ಕರೆದುಕೊಂಡಾಗ ಸರ್ಕಾರೀ ಆಸ್ಪತ್ರೆಗಳು ಮತ್ತೂ ಬರಿದಾದವು.

ಎರಡು ಆಸ್ಪತ್ರೆಗಳ ಕಥೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ರಾಜಧಾನಿಯ ವಿಶ್ವವಿದ್ಯಾನಿಲಯದ ಸರ್ಕಾರೀ ಆಸ್ಪತ್ರೆಯು ದೇಶದ ವೈದ್ಯಶಿಕ್ಷಣಕ್ಕೆ ತಾಯಿಬೇರು. ಅದನ್ನು ಹೊಸದಾಗಿ ಕಟ್ಟಿಕೊಡಲು ೨೦೧೦ರಲ್ಲೇ ಅಮೆರಿಕ, ಫ್ರಾನ್ಸ್ ಮತ್ತು ಹೈಟಿ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಮೂವರು ಯಜಮಾನರ ನಡುವೆ ಕೆಲಸವು ವರ್ಷಗಳ ಮೇಲೆ ವರ್ಷ ಎಳೆಯಿತು. ೨೦೨೪ರಲ್ಲಿ ಸಶಸ್ತ್ರ ತಂಡಗಳು ಆ ಪ್ರದೇಶವನ್ನು ಆಕ್ರಮಿಸುವ ಹೊತ್ತಿಗೂ ಅದು ಪೂರ್ಣವಾಗಿರಲಿಲ್ಲ.

ಎರಡನೆಯದು, ರಾಜಧಾನಿಯಿಂದ ಸುಮಾರು ೫೦ ಕಿಲೋಮೀಟರು ದೂರದ ಮಿರ್ಬಲೇ ಪಟ್ಟಣದ ಆಸ್ಪತ್ರೆ. ಅಲ್ಲಿ ಒಂದು ಚಿಕ್ಕ ಆಸ್ಪತ್ರೆಯನ್ನು ಕಟ್ಟಬೇಕೆಂಬ ಯೋಚನೆ ಭೂಕಂಪಕ್ಕೆ ಮೊದಲೇ ಇದ್ದಿತು. ರಾಜಧಾನಿಯ ಬೋಧನಾಸ್ಪತ್ರೆ ಹಾಳಾದುದನ್ನು ಕಂಡು ಝಾನ್ಮಿ ಲಾಸಾಂತೆಯೂ, ಡಾ. ಪಾಲ್ ಫಾರ್ಮರ್ ಮೊದಲಾದವರು ಸ್ಥಾಪಿಸಿದ ಅದರ ಸೋದರಸಂಸ್ಥೆಯೂ ಆರೋಗ್ಯ ಮಂತ್ರಾಲಯದೊಡನೆ ಕೂಡಿ ಅದನ್ನು ೩೦೦ ಹಾಸಿಗೆಗಳ ಬೋಧನಾಸ್ಪತ್ರೆಯನ್ನಾಗಿ ಹಿಗ್ಗಿಸಿದವು. ೨೦೧೩ರಲ್ಲಿ ಅದು ತೆರೆಯಿತು. ಮಾಳಿಗೆಯ ಮೇಲಿನ ಸೌರಫಲಕಗಳು ಹಗಲಿನ ವಿದ್ಯುತ್ತಿನ ಹೆಚ್ಚಿನ ಭಾಗವನ್ನು ಒದಗಿಸುವಂತೆ ಏರ್ಪಾಟು ಮಾಡಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹೈಟಿಯ ತರುಣ ವೈದ್ಯರು ಶಸ್ತ್ರಚಿಕಿತ್ಸೆ, ಮಕ್ಕಳ ಚಿಕಿತ್ಸೆ, ತುರ್ತುಚಿಕಿತ್ಸೆಗಳಲ್ಲಿ ಉನ್ನತ ತರಬೇತನ್ನು ತಮ್ಮ ನೆಲದಲ್ಲೇ ಪಡೆಯುವಂತಾಯಿತು. ಆದರೆ ಇದರ ನಿತ್ಯವೆಚ್ಚದ ಬಹುಭಾಗವೂ ದಾನವನ್ನೇ ಅವಲಂಬಿಸಿತ್ತೆಂಬುದನ್ನು ಮರೆಯಲಾಗದು. ಕಟ್ಟಡಕ್ಕೆ ಹಣ ಕೊಡುವವರು ಬಹು ಮಂದಿ, ಕಟ್ಟಡಕ್ಕೆ ಹೆಸರಿಡಬಹುದು. ದಾದಿಯ ತಿಂಗಳ ಸಂಬಳಕ್ಕೆ ಹೆಸರಿಡಲಾಗುವುದಿಲ್ಲ.

೫

ಭೂಕಂಪವಾಗಿ ಒಂಬತ್ತು ತಿಂಗಳ ಮೇಲೆ, ೨೦೧೦ರ ಅಕ್ಟೋಬರಿನಲ್ಲಿ, ಕಾಲರಾ ರೋಗವು ಆರ್ಟಿಬೊನಿಟ್ ನದಿಯ ಕಣಿವೆಯಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಹೈಟಿಯಲ್ಲಿ ಈ ರೋಗ ದಾಖಲಾಗಿರಲಿಲ್ಲ. ಅದು ಭೂಕಂಪದಿಂದ ಹುಟ್ಟಿದುದಲ್ಲ. ಫ್ರಾನ್ಸಿನ ರೋಗಪ್ರಸಾರತಜ್ಞ ರೆನೋ ಪಿಯಾರೂ ಅವರೂ ಇತರರೂ ನಡೆಸಿದ ಸಂಶೋಧನೆಯಿಂದ, ಮಿರ್ಬಲೇ ಬಳಿಯಿದ್ದ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲಿನಜಲ ಒಂದು ಉಪನದಿಗೆ ಸೇರಿ ರೋಗ ಹರಡಿತೆಂದು ತಿಳಿದುಬಂದಿತು. ೨೦೧೬ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಅಷ್ಟರಲ್ಲಿ ಲಕ್ಷಾಂತರ ಮಂದಿ ರೋಗಕ್ಕೆ ತುತ್ತಾಗಿದ್ದರು. ೨೦೧೯ರಲ್ಲಿ ಅದು ಅಡಗುವ ವೇಳೆಗೆ ರೋಗಿಗಳ ಸಂಖ್ಯೆ ಎಂಟು ಲಕ್ಷವನ್ನು ದಾಟಿ, ಮೃತರ ಸಂಖ್ಯೆ ಹತ್ತು ಸಾವಿರವನ್ನು ಸಮೀಪಿಸಿತ್ತು.

ಕಾಲರಾ ಚಿಕಿತ್ಸೆ ಕಷ್ಟವಾದುದಲ್ಲ, ದುಬಾರಿಯೂ ಅಲ್ಲ. ದೇಹ ಕಳೆದುಕೊಂಡ ನೀರು ಲವಣಗಳನ್ನು ಬೇಗನೆ ತುಂಬಿಕೊಟ್ಟರೆ ರೋಗಿ ಬದುಕುತ್ತಾನೆ. ಬೇಕಾದುದು ಹಳ್ಳಿಗೆ ಹತ್ತಿರದ ಒಂದು ಚಿಕಿತ್ಸಾಲಯ, ತರಬೇತಾದ ಒಬ್ಬ ಕಾರ್ಯಕರ್ತ, ಶುದ್ಧವಾದ ನೀರು. ಇದನ್ನೇ ಹೈಟಿಯ ವ್ಯವಸ್ಥೆಗೆ ಒದಗಿಸಲಾಗಿರಲಿಲ್ಲ. ೨೦೧೨ರಲ್ಲಿ ಗೆಸ್ಕಿಯೊ ಸಂಸ್ಥೆ ರಾಜಧಾನಿಯ ಕೊಳೆಗೇರಿಗಳಲ್ಲಿಯೂ ಝಾನ್ಮಿ ಲಾಸಾಂತೆ ಆರ್ಟಿಬೊನಿಟ್ ಹಳ್ಳಿಗಳಲ್ಲಿಯೂ ಒಟ್ಟು ಸುಮಾರು ಒಂದು ಲಕ್ಷ ಜನರಿಗೆ, ಬಾಯಿಗೆ ಹಾಕುವ ಕಾಲರಾ ಲಸಿಕೆಯನ್ನು ಕೊಡಲು ಮುಂದಾದವು. ಇಂಥ ಬಡದೇಶದಲ್ಲಿ ಎರಡು ಸಲ ಲಸಿಕೆ ಕೊಡುವುದು ಸಾಧ್ಯವೇ ಎಂದು ಸಂಶಯಪಟ್ಟವರು ಉತ್ತರ ಕಂಡುಕೊಂಡರು: ಮನೆಮನೆಯನ್ನು ಬಲ್ಲ ಊರಿನ ಕಾರ್ಯಕರ್ತರಿದ್ದೆಡೆ ಅದು ಸಾಧ್ಯವಾಯಿತು. ಆ ಲಸಿಕೆಯು ನಮ್ಮ ಹೈದರಾಬಾದಿನಲ್ಲಿ ತಯಾರಾದುದೆಂಬುದು ಭಾರತೀಯ ವಾಚಕರಿಗೆ ಸಂತೋಷದ ಸಂಗತಿ.

೬

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೨೦೨೧ರ ಜುಲೈ ೭ರಂದು ಅಧ್ಯಕ್ಷ ಜೊವೆನೆಲ್ ಮೋಯಿಸ್ ಅವರ ಹತ್ಯೆಯಾಯಿತು. ಅದೇ ಆಗಸ್ಟ್ ೧೪ರಂದು ದಕ್ಷಿಣ ಭಾಗದಲ್ಲಿ ೭.೨ ಪ್ರಮಾಣದ ಮತ್ತೊಂದು ಭೂಕಂಪವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ಮಡಿದರು. ೨೦೨೨ರ ಅಕ್ಟೋಬರಿನಲ್ಲಿ ಕಾಲರಾ ಮರಳಿತು. ೨೦೨೪ನೆಯ ಡಿಸೆಂಬರ್ ೨೪ರಂದು ರಾಜಧಾನಿಯ ಸರ್ಕಾರೀ ಆಸ್ಪತ್ರೆಯನ್ನು ಪುನಃ ತೆರೆಯುವ ಸಮಾರಂಭದ ಮೇಲೆಯೇ ಸಶಸ್ತ್ರ ತಂಡದವರು ಗುಂಡು ಹಾರಿಸಿ, ಇಬ್ಬರು ಪತ್ರಕರ್ತರನ್ನೂ ಒಬ್ಬ ಪೊಲೀಸನನ್ನೂ ಕೊಂದರು. ೨೦೨೫ರ ವಸಂತದಲ್ಲಿ ಮಿರ್ಬಲೇ ಪಟ್ಟಣವೂ ಅಂಥವರ ವಶವಾಗಿ, ಭೂಕಂಪಾನಂತರದ ಅತ್ಯಂತ ಯಶಸ್ವೀ ನಿರ್ಮಾಣವೆನಿಸಿದ್ದ ಆಸ್ಪತ್ರೆಯನ್ನು ತೆರವುಮಾಡಬೇಕಾಯಿತು.

ಹಾಗಾದರೆ ಪುನರ್ನಿರ್ಮಾಣವೆಲ್ಲ ವ್ಯರ್ಥವಾಯಿತೆಂದು ತೀರ್ಮಾನಿಸಬೇಕೆ? ಹಾಗೆನ್ನಲಾಗದು. ಮಿರ್ಬಲೇಯಲ್ಲಿ ತರಬೇತಾದ ವೈದ್ಯರ ವಿದ್ಯೆ ಕಟ್ಟಡದೊಡನೆ ಕಳೆದುಹೋಗಲಿಲ್ಲ. ಹಳ್ಳಿಯ ಕಾರ್ಯಕರ್ತರ ಬಳಗವೂ ಗೆಸ್ಕಿಯೊದಂಥ ಸಂಸ್ಥೆಗಳೂ ಭೂಕಂಪಕ್ಕೆ ಮೊದಲೇ ಬೇರುಬಿಟ್ಟಿದ್ದುದರಿಂದಲೇ ಅದರ ಅನಂತರವೂ ದುಡಿಯಬಲ್ಲವಾದವು. ದೇಶದವರ ಕೈಯಲ್ಲಿ ಬೆಳೆದುದು ಬಹುಮಟ್ಟಿಗೆ ಉಳಿಯಿತು. ದೇಶದವರನ್ನು ಬದಿಗಿಟ್ಟು ಮಾಡಿದುದು ಬಹುಮಟ್ಟಿಗೆ ಅಳಿಯಿತು. ಈ ವ್ಯತ್ಯಾಸವೇ ನಮಗೆ ದೊರೆಯುವ ಪಾಠ.

ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹಣ ಬಂದಿತು, ಆದರೆ ಅದನ್ನು ವರ್ಷಾನುವರ್ಷ ಸಂಬಳವಾಗಿ, ಔಷಧವಾಗಿ, ನೀರಿನ ಕೊಳವೆಯಾಗಿ ಪರಿವರ್ತಿಸುವ ಸಾರ್ವಜನಿಕ ಆಡಳಿತವನ್ನು ಯಾರೂ ಕಟ್ಟಲಿಲ್ಲ, ಜನರ ಪ್ರಾಣಕ್ಕೆ ಭದ್ರತೆಯೂ ಇರಲಿಲ್ಲ. ಎರಡು ಶತಮಾನಗಳ ಕಾಲ ಬರಿದಾಗಿಸಿದ ಸರ್ಕಾರವನ್ನು ಎರಡು ವರ್ಷಗಳ ದಾನದಿಂದ ತುಂಬಲಾಗುವುದಿಲ್ಲ. ಇಷ್ಟನ್ನು ಹೇಳಿದಾಗ ಆ ವಿದ್ಯಾರ್ಥಿ ಇನ್ನೊಂದು ಪ್ರಶ್ನೆ ಹಾಕಿದನು: ನಮ್ಮ ತಾಲ್ಲೂಕಿನ ಆಸ್ಪತ್ರೆ ನಾಳೆ ಬಿದ್ದರೆ, ಅದನ್ನು ಕಟ್ಟುವವರ ಪಟ್ಟಿ ಯಾರ ಬಳಿ ಇದೆ? ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಅದನ್ನು ವಿಚಾರಿಸಿ ನೋಡುವುದು ಒಳ್ಳೆಯದು.