ಒಂದೇ ಹಲಗೆ, ಹಲವು ವೇಷ

51 ಮಿಲಿಮೀಟರು ಉದ್ದ, 21 ಮಿಲಿಮೀಟರು ಅಗಲದ ಹಸುರು ಹಲಗೆಯೊಂದು ನನ್ನ ಮೇಜಿನ ಮೇಲಿದೆ. ರಾಸ್‌ಬೆರಿ ಪೈ ಪಿಕೊ ಎಂಬುದು ಇದರ ಹೆಸರು. 2021ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಹೊರಬಂದ ಮೈಕ್ರೊಕಂಟ್ರೋಲರ್ ಬೋರ್ಡು. ಯು.ಎಸ್.ಬಿ. ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಇದು ಒಮ್ಮೆ ಕಡತಗಳನ್ನಿಡುವ ಡ್ರೈವಿನಂತೆ ಕಾಣಿಸಿಕೊಳ್ಳುವುದು, ಇನ್ನೊಮ್ಮೆ ಕೀಲಿಮಣೆಯಂತೆ, ಮತ್ತೊಮ್ಮೆ ಅಕ್ಷರಗಳನ್ನು ಸಾಲಾಗಿ ಕಳುಹಿಸುವ ಸೀರಿಯಲ್ ಮಾರ್ಗದಂತೆ. ಹಲಗೆಯೂ ಅದೇ, ಕೇಬಲ್ಲೂ ಅದೇ. ವೇಷ ಬದಲಾಗುವುದು ಹೇಗೆ?

ಕೇಬಲ್ಲಿನೊಳಗೆ ನಾಲ್ಕು ತಂತಿಗಳುಂಟು. ಎರಡು 5 ವೋಲ್ಟಿನ ವಿದ್ಯುತ್ತನ್ನು ಒಯ್ಯುತ್ತವೆ. ಡಿ-ಪ್ಲಸ್, ಡಿ-ಮೈನಸ್ ಎಂಬ ಉಳಿದೆರಡು ಸಂಕೇತಗಳನ್ನು ಒಯ್ಯುತ್ತವೆ. (ಫೋನಿಗೆ ಚಾರ್ಜು ಮಾಡಲೆಂದೇ ತಯಾರಾದ ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಈ ಎರಡು ತಂತಿಗಳೇ ಇರುವುದಿಲ್ಲ. ಹಲಗೆ ಕೆಟ್ಟಿತೆಂದು ನಿರ್ಣಯಿಸುವ ಮೊದಲು ಕೇಬಲ್ಲನ್ನು ಬದಲಿಸಿ ನೋಡುವುದು ಲೇಸು.) ಹಲಗೆಯು ಡಿ-ಪ್ಲಸ್ ತಂತಿಯನ್ನು ಸುಮಾರು 1,500 ಓಮ್ ರೋಧದ ಮೂಲಕ 3.3 ವೋಲ್ಟಿನತ್ತ ಎತ್ತಿ ಹಿಡಿಯುತ್ತದೆ. ಕಂಪ್ಯೂಟರಿಗೆ ಇದೇ ಕದ ತಟ್ಟಿದ ಸದ್ದು. ಒಡನೆಯೇ ಅದು ‘ನೀನು ಯಾರು?’ ಎಂದು ವಿಚಾರಿಸುವುದು; ಹಲಗೆ ತನ್ನ ವಿವರಗಳ ಪಟ್ಟಿಯನ್ನು ಒಪ್ಪಿಸುವುದು. ಪಟ್ಟಿಯಲ್ಲಿ 8 ಎಂಬ ವರ್ಗಸಂಖ್ಯೆಯಿದ್ದರೆ ಡ್ರೈವ್, 3 ಇದ್ದರೆ ಕೀಲಿಮಣೆ, ಮೌಸ್ ಮುಂತಾದವುಗಳ ಜಾತಿ. ಒಂದೇ ಪಟ್ಟಿಯಲ್ಲಿ ಹಲವು ವರ್ಗಗಳೂ ಇರಬಹುದು. ಕಂಪ್ಯೂಟರು ಸಾಕ್ಷಿಯನ್ನು ಕೇಳುವುದಿಲ್ಲ, ಹೇಳಿದ್ದನ್ನು ನಂಬುತ್ತದೆ. ಸಾಮಾನ್ಯ ಪೆನ್‌ಡ್ರೈವನ್ನು ಕೀಲಿಮಣೆಯೆಂದು ನಂಬಿಸಿ ಕಂಪ್ಯೂಟರಿಗೆ ಆಜ್ಞೆಗಳನ್ನು ಊಡಬಹುದೆಂದು 2014ರಲ್ಲಿ ಕಾರ್‌ಸ್ಟೆನ್ ನೋಲ್, ಯಾಕೊಬ್ ಲೆಲ್ ಎಂಬ ಸಂಶೋಧಕರು ತೋರಿಸಿಕೊಟ್ಟರು.

ಯಕ್ಷಗಾನದ ವೇಷಧಾರಿ ಬಣ್ಣ ಹಚ್ಚಿಕೊಳ್ಳುವುದು ಚೌಕಿಯಲ್ಲಿ, ರಂಗಪ್ರವೇಶಕ್ಕೆ ಮುಂಚೆ. ಸರ್ಕಿಟ್‌ಪೈಥಾನ್ ತುಂಬಿದ ಪಿಕೊದಲ್ಲಿ ಆ ಚೌಕಿಯ ಕೆಲಸ ‘ಬೂಟ್.ಪೈ’ ಎಂಬ ಕಡತದ್ದು. ಹಲಗೆ ಎಚ್ಚೆತ್ತಾಗ, ಯು.ಎಸ್.ಬಿ. ಸಂಭಾಷಣೆ ಆರಂಭವಾಗುವುದಕ್ಕೆ ಮೊದಲೇ, ಇದು ಒಮ್ಮೆ ನಡೆಯುತ್ತದೆ. ಡ್ರೈವ್ ಬೇಡ, ಸೀರಿಯಲ್ ಬೇಡ ಎಂದು ಇದರಲ್ಲಿ ಬರೆದರೆ ಪಟ್ಟಿಯಿಂದ ಅವು ಬಿಟ್ಟುಹೋಗುವುವು. ಇದೇ ಆಜ್ಞೆಗಳನ್ನು ಮುಖ್ಯ ಕಡತವಾದ ‘ಕೋಡ್.ಪೈ’ಯಲ್ಲಿ ಬರೆದು, ಏಕೆ ಫಲಿಸಲಿಲ್ಲವೆಂದು ಕೇಳುವ ವಿದ್ಯಾರ್ಥಿಗಳುಂಟು. ಅಷ್ಟು ಹೊತ್ತಿಗೆ ವೇಷ ರಂಗದ ಮೇಲಿರುತ್ತದೆ.

ನಾನೇ ಎಡವಿದ ಪ್ರಸಂಗವನ್ನೂ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಉಷ್ಣತೆಯನ್ನು ಮೂರು ದಿನ ಸತತವಾಗಿ ಹಲಗೆಯಲ್ಲಿಯೇ ದಾಖಲಿಸಬೇಕಾಗಿತ್ತು. ಡ್ರೈವ್ ಕಂಪ್ಯೂಟರಿನ ವಶದಲ್ಲಿರುವಾಗ ಹಲಗೆಯ ಪ್ರೋಗ್ರಾಮು ಅದರಲ್ಲಿ ಬರೆಯಲಾರದು. ಇಬ್ಬರೂ ಒಟ್ಟಿಗೆ ಬರೆದರೆ ಕಡತಗಳು ಕೆಡುವುವೆಂದು ಈ ನಿರ್ಬಂಧ. ಆದುದರಿಂದ ಬೂಟ್.ಪೈಯಲ್ಲಿ ಡ್ರೈವನ್ನು ನಿಲ್ಲಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸೀರಿಯಲ್ ಮಾರ್ಗದಿಂದ ಒಳಹೊಕ್ಕು ಅಂಕಿಗಳನ್ನು ಓದಬಹುದಾಗಿತ್ತು. ಅಚ್ಚುಕಟ್ಟಿನ ಹುಚ್ಚಿನಲ್ಲಿ ಅದನ್ನೂ ನಿಲ್ಲಿಸಿಬಿಟ್ಟೆ! ಮೂರು ದಿನಗಳ ಅಂಕಿಗಳು ಒಳಗೆ, ನಾವು ಹೊರಗೆ.

ಇಂತಹ ಸಮಯಕ್ಕೆಂದೇ ಹಲಗೆಯ ಮೇಲೆ ‘ಬೂಟ್‌ಸೆಲ್’ ಎಂಬ ಪುಟ್ಟ ಗುಂಡಿಯಿದೆ. ಅದನ್ನು ಒತ್ತಿ ಹಿಡಿದು ಕೇಬಲ್ಲನ್ನು ಜೋಡಿಸಿದರೆ, ಆರ್‌ಪಿ2040 ಚಿಪ್ಪು ತನ್ನ 16 ಕಿಲೋಬೈಟಿನ ರೋಮ್‌ಗೆ ಮೊರೆಹೋಗುತ್ತದೆ. ಚಿಪ್ಪು ತಯಾರಾಗುವಾಗಲೇ ಅಚ್ಚೊತ್ತಿದ ಈ ಬರಹವನ್ನು ಯಾವ ಪ್ರೋಗ್ರಾಮೂ ಅಳಿಸಲಾರದು. ಆಗ ‘ಆರ್‌ಪಿಐ-ಆರ್‌ಪಿ2’ ಎಂಬ ಡ್ರೈವ್ ತೋರುವುದು. ಇದೂ ವೇಷವೇ: ನಿಜವಾದ ಡ್ರೈವ್ ಅಲ್ಲಿಲ್ಲ. ನಾವು ನಕಲಿಸುವ ಯು.ಎಫ್.2 ಕಡತವು 512 ಬೈಟುಗಳ ತುಂಡುಗಳಾಗಿ ಬರುತ್ತದೆ. ಪ್ರತಿಯೊಂದರಲ್ಲಿಯೂ ಸಾಮಾನ್ಯವಾಗಿ 256 ಬೈಟು ಸರಕು, ಜೊತೆಗೆ ಅದನ್ನು ಫ್ಲಾಷ್ ಸ್ಮೃತಿಯಲ್ಲಿ ಎಲ್ಲಿ ಇಳಿಸಬೇಕೆಂಬ ವಿಳಾಸ.

ಸರ್ಕಿಟ್‌ಪೈಥಾನನ್ನು ಹೀಗೆ ಮತ್ತೆ ತುಂಬಿದೆ; ಪ್ರಯೋಜನವಾಗಲಿಲ್ಲ. ಬೂಟ್.ಪೈ ಇದ್ದುದು ಫ್ಲಾಷಿನ ಬೇರೊಂದು ಭಾಗದಲ್ಲಿ. ಕೊನೆಗೆ 2 ಮೆಗಾಬೈಟಿನ ಫ್ಲಾಷನ್ನೆಲ್ಲ ಅಳಿಸುವ ಕಡತವನ್ನು ಹಾಕಿದೆ. ಹಲಗೆ ಬದುಕಿತು, ಅಂಕಿಗಳು ಹೋದವು. ಬೂಟ್‌ಸೆಲ್ ಸ್ಥಿತಿಯಲ್ಲಿ ‘ಪಿಕೊಟೂಲ್’ ಎಂಬ ಸಾಧನದಿಂದ ಫ್ಲಾಷನ್ನು ಮೊದಲು ಓದಿ ತೆಗೆದಿಡಬಹುದಾಗಿತ್ತೆಂಬುದು ನನಗೆ ತಿಳಿದದ್ದು ಮರುದಿನ.

ಈಗ ನಮ್ಮ ಬೂಟ್.ಪೈ ಮೊದಲು ಒಂದು ಪಿನ್ನನ್ನು ಪರೀಕ್ಷಿಸುತ್ತದೆ. ಆ ಪಿನ್ನನ್ನು ತುಂಡು ತಂತಿಯಿಂದ ಗ್ರೌಂಡಿಗೆ ಸೇರಿಸಿ ಹಲಗೆಯನ್ನು ಜೋಡಿಸಿದರೆ ಡ್ರೈವ್, ಸೀರಿಯಲ್ ಎರಡೂ ಉಳಿಯುತ್ತವೆ. ತಂತಿ ಇಲ್ಲದಿದ್ದರೆ ಮಾತ್ರ ಡ್ರೈವ್ ನಿಲ್ಲುತ್ತದೆ. ಉಷ್ಣತೆಯ ದಾಖಲೆಯನ್ನು ವಿದ್ಯಾರ್ಥಿಗಳು ಸೋಮವಾರದಿಂದ ಮತ್ತೆ ಆರಂಭಿಸಿದರು.